ವಿಂಡೋಸ್ 11ರಲ್ಲಿ ಹಳೆಯ ಫ್ಲೈಟ್ ಸಿಮ್ಯುಲೇಟರ್: ನಾಲ್ಕು ಮಳೆಗಾಲ ಬಳಸಿದ ಮೇಲೆ

ಅಟ್ಟದ ಮೇಲೆ ಮೈಕ್ರೋಸಾಫ್ಟಿನ ವಿಮಾನ ಹಾರಿಸುವ ಆಟ ಫ್ಲೈಟ್ ಸಿಮ್ಯುಲೇಟರ್ 2004ರ ಸಿಡಿ ಇದೆ, ಹೊಸ ಕಂಪ್ಯೂಟರಿಗೆ ಹಾಕಿಕೊಳ್ಳೋಣ ಅಂತ ಹೊರಟವರು ಮೊದಲು ಇದನ್ನು ಓದಿ. ನಾನು ಆ ಸಿಡಿಗಳ ಹಿಂದೆ ಎರಡು ವಾರ ಕಳೆದೆ. ಕೊನೆಗೆ ಅದರ ನಂತರದ ಫ್ಲೈಟ್ ಸಿಮ್ಯುಲೇಟರ್ ಎಕ್ಸ್, ಅದರಲ್ಲೂ ಸ್ಟೀಮ್ ಎಂಬ ಆನ್‌ಲೈನ್ ಆಟದಂಗಡಿಯ ಆವೃತ್ತಿಯನ್ನು ದುಡ್ಡು ಕೊಟ್ಟು ಕೊಂಡೆ. 2021ರ ಕೊನೆಯಿಂದ ಅದನ್ನೇ ಹಾರಿಸುತ್ತಿದ್ದೇನೆ. ಮೊದಲು ವಿಂಡೋಸ್ 10ರಲ್ಲಿ, ಈಗ ಮೂರು ವರ್ಷದಿಂದ 11ರಲ್ಲಿ.

ನಮ್ಮೂರು ತೀರ್ಥಹಳ್ಳಿಯಿಂದ ಆಗುಂಬೆಗೆ ಹೋಗುವ ದಾರಿಯಲ್ಲಿ ಒಳಗೆ ಸಿಗುತ್ತದೆ. ನಾನು ಹೈಸ್ಕೂಲಿನಲ್ಲಿದ್ದಾಗ ಬೆಂಗಳೂರಿನ ಚಿಕ್ಕಪ್ಪ ದಸರಾ ರಜೆಗೆ ಬರುವಾಗ ನಾಲ್ಕು ಸಿಡಿಗಳ ಆ ಪೆಟ್ಟಿಗೆ ತಂದುಕೊಟ್ಟಿದ್ದರು. ಮಲೆನಾಡಿನಲ್ಲಿ ಎರಡು ಮಳೆಗಾಲ ಕಳೆದರೆ ಸಿಡಿಗೂ ಬೂಷ್ಟು ಹಿಡಿಯುತ್ತದೆ. ಅಮ್ಮ ಮಾತ್ರ ಅದನ್ನು ಅಡುಗೆಮನೆಯ ಅಟ್ಟದಲ್ಲಿ, ಒಲೆಯ ಬಿಸಿ ತಾಗುವ ಜಾಗದಲ್ಲಿ, ಸೌತೆಬೀಜದ ಡಬ್ಬಿಗಳ ಪಕ್ಕ ಇಟ್ಟಿದ್ದಳು. ಹಾಗಾಗಿ ನಾಲ್ಕೂ ಸಿಡಿ ಇವತ್ತಿಗೂ ಓದುತ್ತವೆ.

ಓದುತ್ತವೆ, ಇನ್‌ಸ್ಟಾಲ್ ಕೂಡ ಆಗುತ್ತದೆ. ತೊಂದರೆ ಶುರುವಾಗುವುದು ಆಮೇಲೆ. ಡೆಸ್ಕ್‌ಟಾಪಿನಲ್ಲಿ ಐಕಾನ್ ಬಂತು, ಒತ್ತಿದೆ, ಒಂದು ಕ್ಷಣ ಮೌಸಿನ ಚಕ್ರ ತಿರುಗಿತು, ಅಷ್ಟೇ. ಎರರ್ ಕೂಡ ಇಲ್ಲ. ಅಡ್ಮಿನಿಸ್ಟ್ರೇಟರ್ ಆಗಿ ಓಡಿಸಿದೆ, ಕಂಪ್ಯಾಟಿಬಿಲಿಟಿಯಲ್ಲಿ ಎಕ್ಸ್‌ಪಿ ಅಂತ ಆರಿಸಿದೆ, ಯುಎಸ್‌ಬಿ ಸಿಡಿ ಡ್ರೈವ್ ಬದಲಿಸಿದೆ. ಯಾವುದೂ ಕೆಲಸ ಮಾಡಲಿಲ್ಲ, ಮಾಡುವ ಹಾಗೂ ಇರಲಿಲ್ಲ. ಆ ಕಾಲದ ಬಹಳಷ್ಟು ಆಟಗಳಂತೆ ಇದಕ್ಕೂ ಸೇಫ್‌ಡಿಸ್ಕ್ ಎಂಬ ನಕಲು ತಡೆ ಇತ್ತು. ಡ್ರೈವಿನಲ್ಲಿರುವುದು ಅಸಲಿ ಸಿಡಿಯೋ ಅಲ್ಲವೋ ಅಂತ ನೋಡಲು ಅದು ವಿಂಡೋಸ್‌ನ ತೀರಾ ಒಳಗಿನ ಕರ್ನಲ್ ಮಟ್ಟದಲ್ಲಿ ತನ್ನದೊಂದು ಡ್ರೈವರ್, ಅಂದರೆ ಸಹಾಯಕ ಪ್ರೋಗ್ರಾಂ, ಓಡಿಸುತ್ತಿತ್ತು. ಅಷ್ಟು ಒಳಗೆ ಕೂತಿರುವ ಡ್ರೈವರಿನಲ್ಲಿ ದೋಷವಿದ್ದರೆ ಕಳ್ಳನಿಗೆ ಹಿತ್ತಲ ಬಾಗಿಲು ತೆರೆದಿಟ್ಟ ಹಾಗೆ. 2007ರಲ್ಲೇ ಅಂಥ ದೋಷ ಸಿಕ್ಕಿತ್ತು. 2015ರಲ್ಲಿ ಬಂದ ವಿಂಡೋಸ್ 10 ಆ ಡ್ರೈವರನ್ನು ಒಳಗೆ ಬಿಟ್ಟುಕೊಳ್ಳಲೇ ಇಲ್ಲ. ಅದೇ ವರ್ಷದ ಸೆಪ್ಟೆಂಬರ್ ಅಪ್‌ಡೇಟ್ ವಿಂಡೋಸ್ 7 ಮತ್ತು 8ರಲ್ಲೂ ಅದನ್ನು ನಿಲ್ಲಿಸಿತು. ಹಾಗಾಗಿ ಸಿಡಿ ಎಷ್ಟೇ ಚೆನ್ನಾಗಿರಲಿ, ನಾವು ಎಷ್ಟೇ ಪ್ರಾಮಾಣಿಕವಾಗಿ ಕೊಂಡಿರಲಿ, ಆ ಪರೀಕ್ಷೆ ಪಾಸಾಗುವುದೇ ಇಲ್ಲ.

ಸಿಡಿ ಕೇಳದ ಹಾಗೆ ತಿದ್ದಿದ ಫೈಲುಗಳು ಅಂತರ್ಜಾಲದಲ್ಲಿ ಸಿಗುತ್ತವೆ. ನಾನು ಹಾಕಿಕೊಳ್ಳಲಿಲ್ಲ. ಬ್ಯಾಂಕಿನ ಕೆಲಸ, ತೋಟದ ಲೆಕ್ಕ ಎಲ್ಲ ಇರುವ ಕಂಪ್ಯೂಟರಿಗೆ ಯಾರೋ ತಿದ್ದಿದ ಪ್ರೋಗ್ರಾಂ ಹಾಕಲು ಮನಸ್ಸು ಬರಲಿಲ್ಲ. 2004ರ ಆವೃತ್ತಿಯನ್ನು ಹಳೆಯ ಎಕ್ಸ್‌ಪಿ ಕಂಪ್ಯೂಟರಿನಲ್ಲೇ ಉಳಿಸಿಕೊಂಡಿದ್ದೇನೆ. ಅದಕ್ಕೆ ಇಂಟರ್‌ನೆಟ್ ಕೊಟ್ಟಿಲ್ಲ. ಮಳೆಗಾಲದಲ್ಲಿ ವಾರಕ್ಕೊಮ್ಮೆ ಅರ್ಧ ಗಂಟೆ ಚಾಲೂ ಮಾಡಿ ಇಡುತ್ತೇನೆ, ಇಲ್ಲದಿದ್ದರೆ ಒಳಗೆ ಥಂಡಿ ಹಿಡಿಯುತ್ತದೆ. ಇಷ್ಟು ಕಷ್ಟ ಏಕೆಂದರೆ, ರೈಟ್ ಸಹೋದರರ ಹಾರಾಟಕ್ಕೆ ನೂರು ವರ್ಷ ತುಂಬುವ ಹೊತ್ತಿಗೆ, 2003ರಲ್ಲಿ, ಬಂದ ಆವೃತ್ತಿ ಅದು. ರೈಟ್ ಫ್ಲೈಯರ್ ಇದೆ, ಫೋರ್ಡ್ ಟ್ರೈಮೋಟರ್ ಇದೆ, 1919ರಲ್ಲಿ ಎಲ್ಲೂ ಇಳಿಯದೆ ಅಟ್ಲಾಂಟಿಕ್ ದಾಟಿದ ವಿಕರ್ಸ್ ವಿಮಿ ಇದೆ. ಆ ವಿಮಿಯನ್ನು ಎದುರುಗಾಳಿಯಲ್ಲಿ ನೆಟ್ಟಗೆ ಹಿಡಿದುಕೊಂಡು ಹೋಗುವ ಸುಖ ನನಗೆ ಬೇರೆ ಯಾವುದರಲ್ಲೂ ಸಿಕ್ಕಿಲ್ಲ. ಇನ್ನೂ ಹಿಂದಿನದು, 1993ರ ಐದನೇ ಆವೃತ್ತಿಯಂಥ ಡಾಸ್ ಕಾಲದ್ದು ಇದ್ದರೆ ಅದರ ಕತೆ ಬೇರೆ. 64 ಬಿಟ್ ವಿಂಡೋಸ್ 16 ಬಿಟ್ ಪ್ರೋಗ್ರಾಂಗಳನ್ನು ಓಡಿಸುವುದೇ ಇಲ್ಲ, ಹಳೆಯ ಡಾಸ್ ಕಂಪ್ಯೂಟರಿನ ಹಾಗೆ ನಟಿಸುವ ಡಾಸ್‌ಬಾಕ್ಸ್ ಹಾಕಿಕೊಳ್ಳಬೇಕು.

ಈಗ ಎಕ್ಸ್ ಆವೃತ್ತಿಗೆ ಬರುತ್ತೇನೆ. ಮೂಲ ಆಟ 2006ರದು. ಅದನ್ನು ಮಾಡಿದ ಮೈಕ್ರೋಸಾಫ್ಟಿನ ಏಸಸ್ ಸ್ಟುಡಿಯೋ 2009ರಲ್ಲಿ ಮುಚ್ಚಿಹೋಯಿತು. 2014ರ ಡಿಸೆಂಬರ್‌ನಲ್ಲಿ ಡವ್‌ಟೇಲ್ ಗೇಮ್ಸ್‌ನವರು ಅದನ್ನೇ ಸ್ಟೀಮ್ ಮೂಲಕ ಮತ್ತೆ ಮಾರಾಟಕ್ಕೆ ಬಿಟ್ಟರು. ಡೀಲಕ್ಸ್ ಆವೃತ್ತಿಯ ವಿಮಾನಗಳು, ಆಮೇಲೆ ಬಂದ ಆಕ್ಸೆಲರೇಷನ್ ಪ್ಯಾಕ್, ಎರಡು ಸರ್ವಿಸ್ ಪ್ಯಾಕ್ ಎಲ್ಲವೂ ಇದರಲ್ಲಿ ಒಟ್ಟಿಗೆ ಸಿಗುತ್ತವೆ. ಜೊತೆಗೂಡಿ ಹಾರಲು ಮೊದಲಿದ್ದ ಗೇಮ್‌ಸ್ಪೈ ಸೇವೆ 2014ರಲ್ಲೇ ನಿಂತಿತ್ತು, ಈ ಆವೃತ್ತಿಯಲ್ಲಿ ಅದು ಸ್ಟೀಮ್ ಮೇಲೆ ನಡೆಯುತ್ತದೆ. ಸಿಡಿಯ ಗೊಡವೆ ಇಲ್ಲ. ಒಮ್ಮೆ ಇಳಿಸಿಕೊಂಡು, ಸ್ಟೀಮ್ ಅನ್ನು ಆಫ್‌ಲೈನ್‌ಗೆ ಹಾಕಿದರೆ ನೆಟ್ ಇಲ್ಲದೆಯೂ ಹಾರಬಹುದು. ನಮ್ಮ ಕಡೆ ಒಂದು ಗಾಳಿಮಳೆಗೆ ಮರ ಬಿದ್ದರೆ ನೆಟ್ಟು, ಕರೆಂಟು ಎರಡೂ ಒಟ್ಟಿಗೇ ಹೋಗುತ್ತವೆ. ಇನ್ವರ್ಟರ್ ಮೇಲೆ ಕಂಪ್ಯೂಟರ್ ಓಡುತ್ತದೆ, ನೆಟ್ ಮಾತ್ರ ಎರಡು ದಿನ ಬರುವುದಿಲ್ಲ. ಈ ಒಂದು ವಿಷಯದಲ್ಲಿ ನಾನು ಇದಕ್ಕೆ ಪೂರ್ತಿ ಅಂಕ ಕೊಡುತ್ತೇನೆ.

ಇನ್‌ಸ್ಟಾಲ್ ಮಾಡುವಾಗ ಒಂದು ವಿಷಯ ಮರೆಯಬೇಡಿ. ಸ್ಟೀಮ್ ತಾನಾಗಿ ತೋರಿಸುವ ಪ್ರೋಗ್ರಾಂ ಫೈಲ್ಸ್ ಫೋಲ್ಡರ್ ಬೇಡ. ವಿಂಡೋಸ್ ವಿಸ್ಟಾ ಬಂದಾಗಿನಿಂದ ಆ ಫೋಲ್ಡರಿನೊಳಗೆ ಅನುಮತಿ ಇಲ್ಲದೆ ಬರೆಯಲು ವಿಂಡೋಸ್ ಬಿಡುವುದಿಲ್ಲ. ಆದರೆ ಈ ಆಟಕ್ಕೆ ಹೊಸ ವಿಮಾನ, ಹೊಸ ಸೀನರಿ ಹಾಕುವುದೆಂದರೆ ಅದರ ಫೋಲ್ಡರಿನೊಳಗೇ ಫೈಲು ಸೇರಿಸುವುದು, ತಿದ್ದುವುದು. ಮೊದಲ ಸಲ ನಾನು ಅಲ್ಲೇ ಹಾಕಿದ್ದೆ. ತಿದ್ದಿದ ಫೈಲು ಸೇವ್ ಆಗುತ್ತಿರಲಿಲ್ಲ, ಸೇವ್ ಆಯಿತು ಅಂದುಕೊಂಡದ್ದು ಇನ್ನೆಲ್ಲೋ ಹೋಗಿ ಕೂತಿರುತ್ತಿತ್ತು. ಒಂದು ತಿಂಗಳ ನಂತರ ಎಲ್ಲ ಕಿತ್ತು ಡಿ ಡ್ರೈವ್‌ನಲ್ಲಿ ಸ್ಟೀಮ್ ಲೈಬ್ರರಿ ಮಾಡಿ ಹಾಕಿದೆ. ಅಂದಿನಿಂದ ಆ ಕಿರಿಕಿರಿ ಇಲ್ಲ. ಪೆಟ್ಟಿಗೆಯ ಡಿವಿಡಿ ಆವೃತ್ತಿ ಇರುವವರಿಗೆ ಇನ್ನೊಂದು ಮಾತು: ವಿಂಡೋಸ್ 11ರಲ್ಲಿ ಆಟಗಳ ಚಿತ್ರ ಮೂಡಿಸುವ ಡೈರೆಕ್ಟ್‌ಎಕ್ಸ್ 12 ಇದ್ದರೂ 9ರ ಕಾಲದ ಸಹಾಯಕ ಫೈಲುಗಳು ಅದರಲ್ಲಿ ಇರುವುದಿಲ್ಲ. ಜೂನ್ 2010ರ ಡೈರೆಕ್ಟ್‌ಎಕ್ಸ್ ರನ್‌ಟೈಮ್ ಅನ್ನು ನೀವೇ ಹಾಕಿಕೊಳ್ಳಬೇಕು. ಸ್ಟೀಮ್‌ನಲ್ಲಿ ಮೊದಲ ಸಲ ಓಡಿಸುವಾಗ ಅದು ತಾನೇ ಆಗುತ್ತದೆ.

ನನ್ನದು 12ನೇ ಪೀಳಿಗೆಯ ಐ5, 4 ಜಿಬಿಯ ಸಾಧಾರಣ ಗ್ರಾಫಿಕ್ಸ್ ಕಾರ್ಡ್. ಶಿವಮೊಗ್ಗದ ಒಂದು ಅಂಗಡಿಯಲ್ಲಿ ಜೋಡಿಸಿಕೊಟ್ಟದ್ದು. ಮೊದಲ ಐದು ತಿಂಗಳು ಮೋಡ ಬಂದರೆ ಸಾಕು, ಚಿತ್ರ ತಡವರಿಸುತ್ತಿತ್ತು. ಹಳೆಯ ಆಟವೇ ಹೀಗೆ ಅಂದುಕೊಂಡು ಸಹಿಸಿದ್ದೆ. ಒಂದು ದಿನ ಧೂಳು ಒರೆಸಲು ಹಿಂದೆ ನೋಡಿದರೆ ಮಾನಿಟರಿನ ಕೇಬಲ್ ಗ್ರಾಫಿಕ್ಸ್ ಕಾರ್ಡಿಗೆ ಹೋಗುವ ಬದಲು ಮದರ್‌ಬೋರ್ಡಿಗೆ ಹೋಗಿದೆ! ಅಷ್ಟು ದಿನ ಕಾರ್ಡ್ ಸುಮ್ಮನೆ ಕೂತಿತ್ತು. ನಿಮ್ಮದನ್ನೂ ಒಮ್ಮೆ ನೋಡಿಕೊಳ್ಳಿ. ಲ್ಯಾಪ್‌ಟಾಪ್ ಇರುವವರು ವಿಂಡೋಸ್‌ನ ಡಿಸ್‌ಪ್ಲೇ ಸೆಟ್ಟಿಂಗ್ಸ್‌ನೊಳಗೆ ಗ್ರಾಫಿಕ್ಸ್ ಅಂತ ಇರುವಲ್ಲಿ ಈ ಆಟಕ್ಕೆ ಹೈ ಪರ್ಫಾರ್ಮೆನ್ಸ್ ಆರಿಸಿಡಿ.

ಹೊಸ ಯಂತ್ರ ಇದೆ ಎಂದು ಎಲ್ಲವನ್ನೂ ತುದಿಗೆ ಏರಿಸಲು ಹೋಗಬೇಡಿ. ಈ ಆಟ 32 ಬಿಟ್‌ನದು. ಯಂತ್ರದಲ್ಲಿ ಎಷ್ಟೇ ಮೆಮೊರಿ ಇರಲಿ, ಅದು ಮುಟ್ಟಬಲ್ಲದ್ದು 4 ಜಿಬಿ ಮಾತ್ರ. ನನಗೆ ಇದು ಗೊತ್ತಾದದ್ದು ಕಹಿಯಾಗಿ. ಮಂಗಳೂರಿನಿಂದ ಹೊರಟು ಎರಡು ಗಂಟೆ ಹಾರಿ, ಮುಂಬೈಯ ದೀಪಗಳು ಕಂಡು, ಚಕ್ರ ಇಳಿಸಿದ ಹೊತ್ತಿಗೆ ಮೆಮೊರಿ ಮುಗಿಯಿತು ಎಂಬ ಸಂದೇಶ ಬಂದು ಎಲ್ಲ ನಿಂತುಹೋಯಿತು. 8 ಜಿಬಿ ಇದ್ದದ್ದನ್ನು 16 ಮಾಡಿಸಿದೆ. ಮತ್ತೆ ಅದೇ. ದೂರ ಹಾರಿದಷ್ಟೂ, ಕಟ್ಟಡ ಮರಗಳು ದಟ್ಟವಾದಷ್ಟೂ ಆ 4 ಜಿಬಿ ತುಂಬುತ್ತಾ ಬರುತ್ತದೆ. ದೊಡ್ಡ ಊರಿಗೆ ಇಳಿಯುವಾಗ ತುಳುಕುತ್ತದೆ. ಮರ, ಕಟ್ಟಡಗಳ ದಟ್ಟಣೆ ಹೇಳುವ ಆಟೋಜೆನ್ ಅನ್ನು ಡೆನ್ಸ್‌ನಿಂದ ನಾರ್ಮಲ್‌ಗೆ ಇಳಿಸಿದ ಮೇಲೆ ಒಮ್ಮೆಯೂ ಹಾಗಾಗಿಲ್ಲ. ಸೆಕೆಂಡಿಗೆ ಮೂಡುವ ಚಿತ್ರಗಳನ್ನು (ಫ್ರೇಮ್ ದರ) 30ಕ್ಕೆ ಕಟ್ಟಿಹಾಕಿ. ಡೈರೆಕ್ಟ್‌ಎಕ್ಸ್ 10 ಪ್ರಿವ್ಯೂ ಎಂಬ ಟಿಕ್ ತೆಗೆದಿಡಿ, ಅದು ಕೊನೆಯವರೆಗೂ ಪ್ರಿವ್ಯೂ ಆಗಿಯೇ ಉಳಿಯಿತು.

ಆಟದ ಸೆಟ್ಟಿಂಗುಗಳಿರುವ ಸಿಎಫ್‌ಜಿ ಫೈಲು ಆ್ಯಪ್‌ಡೇಟಾ ಎಂಬ ಮರೆಮಾಡಿದ ಫೋಲ್ಡರಿನೊಳಗೆ ಇರುತ್ತದೆ. ಆಟ ಮುಚ್ಚಿ, ಫೈಲಿನ ಒಂದು ಪ್ರತಿ ತೆಗೆದಿಟ್ಟು, ಆಮೇಲೆ ನೋಟ್‌ಪ್ಯಾಡಿನಲ್ಲಿ ತೆರೆಯಿರಿ. ಡಿಸ್‌ಪ್ಲೇ ವಿಭಾಗದಲ್ಲಿ ವೈಡ್‌ವ್ಯೂಆಸ್ಪೆಕ್ಟ್ ಫಾಲ್ಸ್ ಅಂತಿದ್ದರೆ ಟ್ರೂ ಮಾಡಿ. 2006ರಲ್ಲಿ ಹೆಚ್ಚಿನವರ ಬಳಿ ಇದ್ದದ್ದು ಚೌಕ ಮಾನಿಟರ್. ಇದೊಂದು ಪದ ಬದಲಿಸಿದರೆ ಅಗಲದ ಪರದೆಯಲ್ಲಿ ಕಾಕ್‌ಪಿಟ್ ಮುಖಕ್ಕೆ ಒತ್ತಿದ ಹಾಗೆ ಇರುವುದು ತಪ್ಪಿ ಪೂರ್ತಿ ಕಾಣುತ್ತದೆ. ಗ್ರಾಫಿಕ್ಸ್ ವಿಭಾಗದಲ್ಲಿ ಹೈಮೆಮ್‌ಫಿಕ್ಸ್ (HIGHMEMFIX) ಎದುರು 1 ಇದೆಯೇ ನೋಡಿ, ಇಲ್ಲದಿದ್ದರೆ ಸೇರಿಸಿ. ವಿಮಾನದ ಮೈ ಇದ್ದಕ್ಕಿದ್ದಂತೆ ಕಪ್ಪಾಗುವುದು, ಭಾಗಗಳು ಮಾಯವಾಗುವುದು ಅದರಿಂದ ನಿಲ್ಲುತ್ತದೆ. ಏನಾದರೂ ಕೆಟ್ಟರೆ ಹೆದರಬೇಕಿಲ್ಲ. ಆ ಫೈಲನ್ನು ಅಳಿಸಿ ಆಟ ತೆರೆದರೆ ಹೊಸದು ತಾನೇ ಹುಟ್ಟುತ್ತದೆ.

ಜಾಯ್‌ಸ್ಟಿಕ್ ಹಾರಾಟದ ಮಧ್ಯೆ ಎರಡು ಸೆಕೆಂಡು ಸತ್ತು ಬದುಕುತ್ತಿತ್ತು. ಇಳಿಯುವಾಗ ಹಾಗಾದರೆ ಮುಗಿಯಿತು. ಕಾರಣ ವಿಂಡೋಸ್‌ನ ವಿದ್ಯುತ್ ಉಳಿತಾಯ. ಡಿವೈಸ್ ಮ್ಯಾನೇಜರಿನಲ್ಲಿ ಯುಎಸ್‌ಬಿ ರೂಟ್ ಹಬ್‌ಗಳನ್ನು ಒಂದೊಂದಾಗಿ ತೆರೆದು, ಪವರ್ ಮ್ಯಾನೇಜ್‌ಮೆಂಟಿನಲ್ಲಿರುವ ಟಿಕ್ ತೆಗೆದೆ, ಸರಿಹೋಯಿತು. ಹದಿನೈದು ಪಿನ್ನಿನ ಹಳೆಯ ಗೇಮ್‌ಪೋರ್ಟ್ ಜಾಯ್‌ಸ್ಟಿಕ್ ಇದ್ದರೆ ಅದನ್ನು ಎಕ್ಸ್‌ಪಿ ಯಂತ್ರಕ್ಕೇ ಬಿಡಿ, ವಿಸ್ಟಾದಿಂದ ಈಚೆ ಅದಕ್ಕೆ ಜಾಗವಿಲ್ಲ. ಕರೆಂಟಿನ ವಿಷಯಕ್ಕೆ ಒಂದು ಅಭ್ಯಾಸ ಮಾಡಿಕೊಂಡಿದ್ದೇನೆ: ಇಪ್ಪತ್ತು ನಿಮಿಷಕ್ಕೊಮ್ಮೆ ಸೆಮಿಕೋಲನ್ ಕೀ ಒತ್ತಿ ಹಾರಾಟವನ್ನು ಸೇವ್ ಮಾಡುತ್ತೇನೆ.

ಇದರ ದೊಡ್ಡ ಕೊರತೆ ಅಂದರೆ ಜಗತ್ತು 2006ರಲ್ಲೇ ನಿಂತಿರುವುದು. 24,000 ವಿಮಾನ ನಿಲ್ದಾಣಗಳಿವೆ, ಆದರೆ ಬೆಂಗಳೂರು ಅಂದರೆ ಹಳೆಯ ಎಚ್‌ಎಎಲ್ ನಿಲ್ದಾಣ; ದೇವನಹಳ್ಳಿ ಶುರುವಾದದ್ದು 2008ರಲ್ಲಿ. 2023ರ ಫೆಬ್ರವರಿ 27ರಂದು ಉದ್ಘಾಟನೆಯಾದ ನಮ್ಮ ಶಿವಮೊಗ್ಗದ ಸೋಗಾನೆ ನಿಲ್ದಾಣವಂತೂ ಕೇಳುವುದೇ ಬೇಡ. ಆ ವರ್ಷ ಆಗಸ್ಟ್ ಕೊನೆಗೆ ಬೆಂಗಳೂರಿನಿಂದ ಮೊದಲ ಪ್ರಯಾಣಿಕ ವಿಮಾನ ಬಂದಿಳಿದ ಸುದ್ದಿ ನೋಡಿದ ರಾತ್ರಿ, ನನ್ನ ಸಿಮ್ಯುಲೇಟರಿನಲ್ಲೂ ಅದು ಇರಲೇಬೇಕು ಅನ್ನಿಸಿತು. ಏರ್‌ಪೋರ್ಟ್ ಡಿಸೈನ್ ಎಡಿಟರ್ ಎಂಬ ಉಚಿತ ತಂತ್ರಾಂಶವಿದೆ. ಉಪಗ್ರಹ ನಕ್ಷೆಯಲ್ಲಿ ಅಳತೆ ನೋಡಿಕೊಂಡು 3200 ಮೀಟರ್ ರನ್‌ವೇ ಎಳೆದೆ, ನೆಲ ಸಮ ಮಾಡಿದೆ, ಅದರಿಂದ ಬಂದ ಬಿಜಿಎಲ್ ಎಂಬ ಸೀನರಿ ಫೈಲನ್ನು ಆಡ್‌ಆನ್ ಸೀನರಿ ಫೋಲ್ಡರಿಗೆ ಹಾಕಿದೆ. ಕಮಲದ ಆಕಾರದ ಟರ್ಮಿನಲ್ ನನ್ನ ಕೈಯಲ್ಲಿ ಆಗಲಿಲ್ಲ, ಆ ಜಾಗದಲ್ಲಿ ಸಾದಾ ಕಟ್ಟಡವೊಂದಿದೆ. ಆಟಕ್ಕೆ ಹದಿನೇಳು ವರ್ಷವಾದ ಮೇಲೆ ಒಬ್ಬ ಬಳಕೆದಾರ ತನ್ನೂರಿನ ರನ್‌ವೇಯನ್ನು ತಾನೇ ಸೇರಿಸಬಹುದು ಅಂದರೆ, ಆ ಬಾಗಿಲನ್ನು ತೆರೆದಿಟ್ಟು ಹೋದ ಎಂಜಿನಿಯರುಗಳಿಗೆ ನಾನು ಕೃತಜ್ಞ.

ಎಚ್‌ಎಎಲ್‌ನಿಂದ ಸೋಗಾನೆಗೆ ನೇರ ಗೆರೆ ಎಳೆದರೆ ಸುಮಾರು 130 ನಾಟಿಕಲ್ ಮೈಲಿ, ದಿಕ್ಕು 295 ಡಿಗ್ರಿಯ ಆಸುಪಾಸು. ಸೆಸ್ನಾ 172ರಲ್ಲಿ ಒಂದು ಗಂಟೆಯ ಮೇಲೆ ಸ್ವಲ್ಪ. ಅಡಿಕೆ ಕೊಯ್ಲು ಮುಗಿದ ಒಂದು ಸಂಜೆ ಅಪ್ಪಯ್ಯನನ್ನು ಪಕ್ಕದಲ್ಲಿ ಕೂರಿಸಿಕೊಂಡು ಪೂರ್ತಿ ದಾರಿ ಹಾರಿಸಿದೆ. ಅವರು ಇನ್ನೂ ವಿಮಾನ ಹತ್ತಿದವರಲ್ಲ. ಎಲೆಯಡಿಕೆ ಹಾಕಿಕೊಂಡು ಒಂದು ಗಂಟೆ ಸುಮ್ಮನೆ ನೋಡಿದರು. ಸೋಗಾನೆ ದಾಟಿ ತೀರ್ಥಹಳ್ಳಿ ಕಡೆ ತಿರುಗಿಸಿದಾಗ ಮುಂದೆ ಬಾಗಿ, "ನಮ್ ತೋಟ ಎಲ್ಲಿ ಕಾಣ್ತದಾ ಮಾರಾಯ?" ಅಂದರು. ಕಾಣುವುದಿಲ್ಲ. ಈ ಆಟ ನೆಲವನ್ನು ನಿಜವಾದ ಫೋಟೋದಿಂದ ತುಂಬುವುದಿಲ್ಲ. ಇಲ್ಲಿ ಕಾಡು, ಇಲ್ಲಿ ಹೊಲ ಎಂದು ಗುರುತು ಹಾಕಿಕೊಂಡು ಸಿದ್ಧ ಚಿತ್ರಗಳನ್ನು ಹಾಸುತ್ತದೆ. ಅಡಿಕೆ ತೋಟ, ಗದ್ದೆ, ಸೊಪ್ಪಿನ ಬೆಟ್ಟ ಎಲ್ಲಕ್ಕೂ ಒಂದೇ ಹಸಿರು. 1343 ಮೀಟರಿನ ಕೊಡಚಾದ್ರಿ ನುಣ್ಣಗಿನ ದಿಬ್ಬದಂತೆ ಕಾಣುತ್ತದೆ. ಅಪ್ಪಯ್ಯನಿಗೆ ಅದನ್ನೆಲ್ಲ ವಿವರಿಸಿದೆ. "ಇರ್ಲಿ, ಮಳೆ ಬರ್ಸು ನೋಡನ" ಅಂದರು. ಹವಾಮಾನದ ಪುಟದಲ್ಲಿ ಮೋಡ ತಗ್ಗಿಸಿ, ಮಳೆ ಜೋರು ಮಾಡಿ ಕೊಟ್ಟೆ. ಗಾಜಿನ ಮೇಲೆ ನೀರು ಹರಿಯಿತು. ಆಗ ಅದು ನಮ್ಮ ಊರೇ ಆಗಿತ್ತು.

ತೋಟ ಕಾಣಲೇಬೇಕು ಎನ್ನುವವರಿಗೆ 2020ರಲ್ಲಿ ಬಂದ ಮೈಕ್ರೋಸಾಫ್ಟ್ ಸಿಮ್ಯುಲೇಟರ್ ಇದೆ. ಶಿವಮೊಗ್ಗದಲ್ಲಿ ಗೆಳೆಯನ ಮನೆಯಲ್ಲಿ ಹಾರಿಸಿದ್ದೇನೆ, ಘಟ್ಟದ ಮೇಲೆ ಹೋಗುವಾಗ ಮೈ ಜುಮ್ಮೆಂದಿತು. ಆದರೆ ಅದು 150 ಜಿಬಿ ಜಾಗ ಕೇಳುತ್ತದೆ, ನೆಲದ ಚಿತ್ರಗಳನ್ನು ಹಾರುತ್ತಿರುವಾಗಲೇ ನೆಟ್‌ನಿಂದ ತರಿಸಿಕೊಳ್ಳುತ್ತದೆ. ಶಿವಮೊಗ್ಗದಲ್ಲೋ ಸಾಗರದ ಪೇಟೆಯಲ್ಲೋ ಫೈಬರ್ ಇರುವವರು ಅದನ್ನೇ ಕೊಳ್ಳಿ. ಹಳ್ಳಿಯಲ್ಲಿದ್ದು ಸಾಧಾರಣ ಕಂಪ್ಯೂಟರ್ ಇರುವವರಿಗೆ, ಅದರಲ್ಲೂ ಹಾರುವುದನ್ನು ಮೊದಲಿನಿಂದ ಕಲಿಯುವ ಮಕ್ಕಳಿಗೆ, ನಾನು ಈ ಹಳೆಯದನ್ನೇ ಹೇಳುತ್ತೇನೆ. ಇದರೊಳಗಿರುವ ಪಾಠಗಳು ಇವತ್ತಿಗೂ ಅಷ್ಟು ಚೆನ್ನಾಗಿವೆ. ಐದಕ್ಕೆ ನಾಲ್ಕು. ಕಳೆದ ಒಂದು ಅಂಕ ಆ 4 ಜಿಬಿ ಗೋಡೆಗೆ.

ಸಿಎಫ್‌ಜಿ ಫೈಲು, ಸೋಗಾನೆಯ ಬಿಜಿಎಲ್ ಎರಡನ್ನೂ ಪೆನ್‌ಡ್ರೈವಿಗೆ ಹಾಕಿ, ಸಿಲಿಕಾ ಪೊಟ್ಟಣದ ಜೊತೆ ಡಬ್ಬಿಯಲ್ಲಿ ಮುಚ್ಚಿ ಅದೇ ಅಡುಗೆಮನೆ ಅಟ್ಟದಲ್ಲಿ ಇಟ್ಟಿದ್ದೇನೆ, ಸಿಡಿಗಳ ಪಕ್ಕ.