ಚಿಕ್ಕ ಕಂಪೆನಿಯಲ್ಲಿ ಆಪ್ತಸಮಾಲೋಚನೆಯ ಸೇವೆ: ಎರಡು ವರ್ಷಗಳ ಬಳಕೆಯ ನಂತರ

ಕಾಸರಗೋಡಿನ ನಮ್ಮ ಸಾಫ್ಟ್‌ವೇರ್ ಸ್ಟಾರ್ಟಪ್ ತನ್ನ ಉದ್ಯೋಗಿಗಳಿಗಾಗಿ ಆಪ್ತಸಮಾಲೋಚನೆಯ ಆ್ಯಪ್ ಒಂದಕ್ಕೆ ಚಂದಾ ಕಟ್ಟಲು ತೊಡಗಿ ಎರಡು ವರ್ಷ ಮೀರಿದೆ. ಮೂವತ್ತು ಮಂದಿಯೂ ಇಲ್ಲದ ಕಂಪೆನಿಯಲ್ಲಿ ಮಾನವ ಸಂಪನ್ಮೂಲ ವಿಭಾಗವೆಂದರೆ ನಾನೊಬ್ಬಳೇ. ಸಂಬಳ, ಪಿಎಫ್, ರಜೆಯ ಲೆಕ್ಕ, ಚಹಾದ ಬಿಲ್ಲು ಇವುಗಳ ನಡುವೆ ಈ ಸೇವೆಯ ಒಪ್ಪಂದವನ್ನು ನೋಡಿಕೊಳ್ಳುವುದೂ ನನ್ನ ಪಾಲಿಗೇ ಬಂದಿದೆ. ಸೇವೆ ನೀಡುವ ಸಂಸ್ಥೆಯ ಹೆಸರನ್ನು ಇಲ್ಲಿ ಬರೆಯುತ್ತಿಲ್ಲ. ನಾನು ಹೇಳಲಿರುವ ಕುಂದುಗಳಲ್ಲಿ ಹೆಚ್ಚಿನವು ಮಹಾನಗರದ ದೊಡ್ಡ ಕಂಪೆನಿಗಳನ್ನು ಕಣ್ಣೆದುರಿಟ್ಟುಕೊಂಡು ರೂಪಿಸಿದ ಯಾವ ಸೇವೆಯಲ್ಲಾದರೂ ಇರಬಹುದಾದಂಥವು.

ವ್ಯವಸ್ಥೆ ಸರಳವಾಗಿದೆ. ಉದ್ಯೋಗಿಗೆ ತಲಾ ಇಷ್ಟೆಂದು ಕಂಪೆನಿ ವರ್ಷಕ್ಕೊಮ್ಮೆ ಹಣ ಕಟ್ಟುತ್ತದೆ, ಅದರ ಮೇಲೆ ಶೇಕಡಾ 18 ಜಿಎಸ್‌ಟಿ. ಪ್ರತಿಯೊಬ್ಬರಿಗೂ ವರ್ಷಕ್ಕೆ ಆರು ಬಾರಿ ಸಮಾಲೋಚಕರೊಡನೆ ಫೋನಿನಲ್ಲೋ ವಿಡಿಯೊದಲ್ಲೋ ಮಾತನಾಡುವ ಅವಕಾಶವಿದೆ. ಇದರ ಜೊತೆಗೆ ಉಸಿರಾಟದ ಅಭ್ಯಾಸಗಳು, ನಿದ್ದೆ ಬರಿಸುವ ಧ್ವನಿಮುದ್ರಿಕೆಗಳು, ದಿನದ ಮನಃಸ್ಥಿತಿಯನ್ನು ಗುರುತಿಸುವ ನಗುಮೊಗ-ಅಳುಮೊಗಗಳ ಪಟ್ಟಿ ಇತ್ಯಾದಿಗಳೂ ಇವೆ. ಮೊದಲ ಕೆಲವು ವಾರಗಳ ಬಳಿಕ ಅವುಗಳನ್ನು ನಮ್ಮಲ್ಲಿ ಯಾರೂ ತೆರೆದಂತಿಲ್ಲ.

ಸಮಾಲೋಚಕರು ಮಾತ್ರ ನಿಜಕ್ಕೂ ಒಳ್ಳೆಯವರು. ಮಾತನಾಡಿದವರಲ್ಲಿ ತಾವಾಗಿ ನನ್ನೊಡನೆ ಹಂಚಿಕೊಂಡವರೆಲ್ಲರೂ ಹೇಳಿದ್ದು ಇದನ್ನೇ: ಅವಸರವಿಲ್ಲದೆ ಕೇಳುತ್ತಾರೆ, ಬಂದ ಕೂಡಲೇ ಉಪದೇಶಕ್ಕಿಳಿಯುವುದಿಲ್ಲ, ಪ್ರತಿ ಬಾರಿಯೂ ಅದೇ ವ್ಯಕ್ತಿ ಸಿಗುವುದರಿಂದ ಕಥೆಯನ್ನು ಮೊದಲಿನಿಂದ ಹೇಳಬೇಕಾಗುವುದಿಲ್ಲ, ಹೊಂದಾಣಿಕೆಯಾಗದಿದ್ದರೆ ಕಾರಣ ಕೊಡದೆ ಬದಲಾಯಿಸಿಕೊಳ್ಳಬಹುದು. ನಮ್ಮ ಕಡೆ ಇದಕ್ಕೆ ಇನ್ನೊಂದು ಬೆಲೆಯೂ ಇದೆ. ಆಸ್ಪತ್ರೆಯಲ್ಲಿ ಚೀಟಿ ಮಾಡಿಸುವ ಕಿಟಕಿಯ ಬಳಿ ಯಾರಾದರೊಬ್ಬರು ಪರಿಚಯದವರು ಸಿಕ್ಕೇ ಸಿಗುವ, ಸಂಜೆಯೊಳಗೆ ಆ ಸುದ್ದಿ ಭಜನಾ ಮಂದಿರದವರೆಗೂ ತಲುಪುವ ಊರಿನಲ್ಲಿ, ದೂರದ ಅಪರಿಚಿತರೊಬ್ಬರ ಎದುರು ಬಾಯಿ ಬಿಡುವುದು ಎಷ್ಟೋ ಹಗುರ.

ತೊಡಕು ಇರುವುದು ಸಮಾಲೋಚಕರಿಗೂ ಉದ್ಯೋಗಿಗೂ ನಡುವಿನ ವ್ಯವಸ್ಥೆಯಲ್ಲಿ. ಆ್ಯಪ್ ನಮ್ಮ ವಿಳಾಸದಲ್ಲಿ ಕೇರಳವೆಂದು ಕಂಡೊಡನೆ ಮಲಯಾಳಂ ಮತ್ತು ಇಂಗ್ಲಿಷ್ ಬಲ್ಲ ಸಮಾಲೋಚಕರನ್ನು ಮುಂದಿಡುತ್ತದೆ. ಮನೆಯಲ್ಲಿ ತುಳುವನ್ನೋ ಹವ್ಯಕವನ್ನೋ ಕೊಂಕಣಿಯನ್ನೋ ಆಡಿ, ಕನ್ನಡ ಶಾಲೆಯಲ್ಲಿ ಓದಿ, ಪೇಟೆಯಲ್ಲಿ ಮಲಯಾಳಂ ಆಡುವವರು ನಮ್ಮಲ್ಲಿ ಬಹುಮಂದಿ ಇದ್ದಾರೆ. ಅವರು ವ್ಯವಹಾರವನ್ನು ಯಾವ ಭಾಷೆಯಲ್ಲಾದರೂ ಮುಗಿಸುತ್ತಾರೆ, ಆದರೆ ಅಪ್ಪನೊಡನೆ ಮಾತು ಬಿಟ್ಟು ಎಷ್ಟು ಕಾಲವಾಯಿತೆಂಬುದನ್ನು ಹೇಳಲು ಕನ್ನಡವೇ ಬೇಕಾಗುತ್ತದೆ. ಕನ್ನಡ ಬಲ್ಲ ಸಮಾಲೋಚಕರನ್ನು ಹುಡುಕಲು ವಿಳಾಸವನ್ನೇ ಕರ್ನಾಟಕಕ್ಕೆ ಬದಲಾಯಿಸಬೇಕಾಗಿತ್ತು. ಹಾಗೆ ಹುಡುಕಿದರೂ ಸಂಜೆ ಏಳರ ನಂತರದ ಸಮಯ ಸಿಗುವುದು ಕಷ್ಟವಾಗಿತ್ತು. ವಿದೇಶದ ಗ್ರಾಹಕರಿಗಾಗಿ ತಡರಾತ್ರಿಯವರೆಗೆ ದುಡಿಯುವವರಿಗೆ ಬಿಡುವಿರುವುದೋ ಬೆಳಗಿನ ಹೊತ್ತಿನಲ್ಲಿ ಅಥವಾ ಕೆಲಸ ಮುಗಿದ ಮೇಲೆ.

ಇದೇ ಗಡಿಯ ಸಮಸ್ಯೆ ಇನ್ನೊಂದು ಕಡೆಯೂ ಎದುರಾಯಿತು. ಆ್ಯಪ್‌ನಲ್ಲಿ ಪಿಎಚ್‌ಕ್ಯು-9 ಎಂಬ ಪ್ರಶ್ನಾವಳಿಯಿದೆ. ಖಿನ್ನತೆಯ ಲಕ್ಷಣಗಳ ಬಗೆಗಿನ ಒಂಬತ್ತು ಪ್ರಶ್ನೆಗಳಿಗೆ ಸೊನ್ನೆಯಿಂದ 3ರವರೆಗೆ ಅಂಕಗಳಿದ್ದು, ಒಟ್ಟು 27ರಲ್ಲಿ 10 ಅಥವಾ ಅದಕ್ಕಿಂತ ಹೆಚ್ಚು ಬಂದರೆ ತಜ್ಞರನ್ನು ಕಾಣುವುದು ಒಳಿತೆಂದು ಸಾಮಾನ್ಯವಾಗಿ ತಿಳಿಯಲಾಗುತ್ತದೆ. ರೋಗವಿದೆಯೆಂದು ತೀರ್ಮಾನಿಸುವ ಸಾಧನ ಅದಲ್ಲ, ಔಷಧ ಬರೆಯುವ ಅಧಿಕಾರವೂ ಮನೋವೈದ್ಯರದೇ ಹೊರತು ಆಪ್ತಸಮಾಲೋಚಕರದಲ್ಲ. ಆದ್ದರಿಂದ ಅಂಕ ಹೆಚ್ಚಾದಾಗ ಆ್ಯಪ್ ಹತ್ತಿರದ ಆಸ್ಪತ್ರೆಗಳ ಪಟ್ಟಿಯನ್ನು ತೋರಿಸುವುದು ಸರಿಯಾದ ಕ್ರಮವೇ. ಆದರೆ ಅದು ನಮಗೆ ತೋರಿಸಿದ್ದು ಕೋಝಿಕ್ಕೋಡ್ ಮತ್ತು ಕೊಚ್ಚಿಯ ಆಸ್ಪತ್ರೆಗಳನ್ನು. ಸುಮಾರು ಐವತ್ತು ಕಿಲೋಮೀಟರ್ ದೂರದಲ್ಲಿರುವ, ಚಿಕ್ಕಪುಟ್ಟ ಕಾಯಿಲೆಗೂ ನಾವು ರೈಲು ಹತ್ತುವ ಮಂಗಳೂರು ಬೇರೆ ರಾಜ್ಯದಲ್ಲಿದೆ ಎಂಬ ಕಾರಣಕ್ಕೆ ಪಟ್ಟಿಯಲ್ಲೇ ಇರಲಿಲ್ಲ. ದೂರು ಕೊಟ್ಟ ಕೆಲವು ತಿಂಗಳ ಬಳಿಕ ಇದನ್ನು ಸರಿಪಡಿಸಿದರು.

ಎಲ್ಲಕ್ಕಿಂತ ಗಂಭೀರವಾದ ದೋಷ ಇದ್ದದ್ದು ತಿಂಗಳ ಬಳಕೆಯ ವರದಿಯಲ್ಲಿ. ಯಾರ ಹೆಸರನ್ನೂ ಬಹಿರಂಗಪಡಿಸುವುದಿಲ್ಲವೆಂದು ಒಪ್ಪಂದದಲ್ಲಿ ಬರೆದಿತ್ತು, ಬಹಿರಂಗಪಡಿಸಿದ್ದೂ ಇಲ್ಲ. ಆದರೆ ವರದಿಯಲ್ಲಿ ವಿಭಾಗ, ಲಿಂಗ, ವಯಸ್ಸಿನ ಗುಂಪು, ಮಾತನಾಡಿದ ವಿಷಯ ಎಂದು ಕೋಷ್ಟಕಗಳಿದ್ದವು. ಸಾವಿರಾರು ಮಂದಿಯಿರುವಲ್ಲಿ ಇದರಿಂದ ಯಾರ ಗುರುತೂ ಸಿಗಲಾರದು. ನಮ್ಮಲ್ಲಿ ಒಂದು ತಿಂಗಳ ವರದಿಯ ಒಂದು ಸಾಲು ಹೀಗಿತ್ತು (ಗುರುತು ಸಿಗದಂತೆ ವಿವರಗಳನ್ನು ಬದಲಿಸಿದ್ದೇನೆ): ಟೆಸ್ಟಿಂಗ್ ವಿಭಾಗ, ಮಹಿಳೆ, 25ರಿಂದ 30, ವಿಷಯ ನಿದ್ರಾಹೀನತೆ ಮತ್ತು ಕೌಟುಂಬಿಕ ಒತ್ತಡ. ಆ ವಿಭಾಗದಲ್ಲಿದ್ದ ಮಹಿಳೆ ಒಬ್ಬಳೇ. ವರದಿಯ ಪ್ರತಿ ಸಂಸ್ಥಾಪಕರಿಗೂ ನೇರವಾಗಿ ಹೋಗುತ್ತಿತ್ತು. ಸೇವೆ ಆರಂಭವಾದಾಗ ಆಕೆ ನನ್ನನ್ನು, “ಅಕ್ಕಾ, ಇದೆಲ್ಲ ಸರ್‌ಗೆ ಗೊತ್ತಾಗ್ತದಾ?” ಎಂದು ಕೇಳಿದ್ದಳು, ಒಪ್ಪಂದದ ಆ ವಾಕ್ಯವನ್ನೇ ತೋರಿಸಿ ಇಲ್ಲವೆಂದು ಹೇಳಿದ್ದೆ.

ಸಂಸ್ಥಾಪಕರು ಸಜ್ಜನರು, ವರದಿಯನ್ನು ಓದದೆಯೇ ಅಳಿಸಿದರು ಎಂಬುದು ನಮ್ಮ ಭಾಗ್ಯ. ಆದರೆ ಗೌಪ್ಯತೆಯನ್ನು ಮಾಲೀಕರ ಸಜ್ಜನಿಕೆಗೆ ಬಿಟ್ಟುಬಿಡುವುದಾದರೆ ಒಪ್ಪಂದವಾದರೂ ಏಕೆ? ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ, 2017ರ 23ನೆಯ ಸೆಕ್ಷನ್ ಮಾನಸಿಕ ಅಸ್ವಸ್ಥತೆಯುಳ್ಳ ವ್ಯಕ್ತಿಗೆ ತನ್ನ ಆರೋಗ್ಯ ಮತ್ತು ಚಿಕಿತ್ಸೆಯ ವಿಷಯದಲ್ಲಿ ಗೌಪ್ಯತೆಯ ಹಕ್ಕನ್ನು ಕೊಟ್ಟಿದೆ. ಸಮಾಲೋಚನೆಗೆ ಹೋದವರೆಲ್ಲ ಅಸ್ವಸ್ಥರಲ್ಲ ನಿಜ, ಹಾಗೆಂದು ಅವರ ಗುಟ್ಟಿಗೆ ಬೆಲೆ ಕಡಿಮೆಯೇನೂ ಅಲ್ಲ. ಬಹಳ ಪತ್ರವ್ಯವಹಾರದ ಬಳಿಕ ಸಂಸ್ಥೆ ನಮ್ಮ ಬೇಡಿಕೆಗೆ ಒಪ್ಪಿತು: ವರದಿ ಮೂರು ತಿಂಗಳಿಗೊಮ್ಮೆ ಮಾತ್ರ, ಅದೂ ಇಡೀ ಕಂಪೆನಿಯ ಒಟ್ಟು ಸಮಾಲೋಚನೆಗಳ ಸಂಖ್ಯೆ ಮಾತ್ರ, ವಿಭಾಗ, ಲಿಂಗ, ವಯಸ್ಸು, ವಿಷಯ ಯಾವುದೂ ಇರಕೂಡದು. ಚಿಕ್ಕ ಕಂಪೆನಿಯವರು ಇಂಥ ಸೇವೆಗೆ ಸಹಿ ಹಾಕುವ ಮುನ್ನ ಮಾದರಿ ವರದಿಯೊಂದನ್ನು ತರಿಸಿಕೊಂಡು, ಅದರ ಪ್ರತಿ ಸಾಲಿನೆದುರು ತಮ್ಮವರಲ್ಲಿ ಎಷ್ಟು ಮಂದಿ ನಿಲ್ಲುತ್ತಾರೆಂದು ಎಣಿಸಿ ನೋಡಬೇಕು.

ಮಾತನಾಡುವ ಜಾಗದ ಸಮಸ್ಯೆಯನ್ನು ಯಾವ ಆ್ಯಪ್ ಕೂಡ ಬಗೆಹರಿಸದು. ಕೂಡುಕುಟುಂಬದ ಮನೆಯಲ್ಲಿ ಬಾಗಿಲು ಹಾಕಿಕೊಂಡರೆ ಏಕೆಂದು ಕೇಳುತ್ತಾರೆ, ತೋಟಕ್ಕೆ ಇಳಿದರೆ ರೇಂಜ್ ಸಿಗುವುದಿಲ್ಲ. ಆಫೀಸಿನಲ್ಲಿ ಇದಕ್ಕೆಂದೇ ಒಂದು ಕೋಣೆ ಬಿಟ್ಟುಕೊಟ್ಟೆವು. ಅದರೊಳಗೆ ಹೋಗುವವರನ್ನು ಎಲ್ಲರೂ ನೋಡುತ್ತಾರೆಂಬ ಕಾರಣಕ್ಕೆ ಅದು ಖಾಲಿಯಾಗಿಯೇ ಉಳಿಯಿತು. ಈಗ ತಿಂಗಳಲ್ಲಿ ಎರಡು ಗಂಟೆ ಕಾರಣ ಹೇಳದೆ ಹೊರಗೆ ಹೋಗಬಹುದೆಂಬ ನಿಯಮವಿದೆ. ಯಾರು ಬ್ಯಾಂಕಿಗೆ ಹೋದರು, ಯಾರು ಕಾರಿನಲ್ಲಿ ಕುಳಿತು ಮಾತನಾಡಿ ಬಂದರು ಎಂಬುದನ್ನು ಯಾರೂ ಕೇಳುವುದಿಲ್ಲ.

ಸೇವೆಯಿಂದ ಏನನ್ನು ನಿರೀಕ್ಷಿಸಬಾರದು ಎಂಬುದನ್ನೂ ಹೇಳಬೇಕು. ಬರ್ನ್‌ಔಟ್ ಎಂಬುದು ರೋಗವಲ್ಲ, ನಿಭಾಯಿಸದೆ ಬಿಟ್ಟ ದೀರ್ಘಕಾಲದ ಕೆಲಸದ ಒತ್ತಡದಿಂದ ಉಂಟಾಗುವ ಸ್ಥಿತಿ ಎಂದು ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಸ್ಪಷ್ಟಪಡಿಸಿತ್ತು. ಕೆಲಸದ ಸ್ಥಳದ ಮಾನಸಿಕ ಆರೋಗ್ಯದ ಕುರಿತು ಅದು 2022ರಲ್ಲಿ ಪ್ರಕಟಿಸಿದ ಮಾರ್ಗಸೂಚಿಗಳೂ ವ್ಯಕ್ತಿಗೆ ನೆರವು ನೀಡುವುದರ ಜೊತೆಗೆ ಕೆಲಸದ ಹೊರೆಯಲ್ಲಿ ಬದಲಾವಣೆಯನ್ನೂ ವ್ಯವಸ್ಥಾಪಕರಿಗೆ ತರಬೇತಿಯನ್ನೂ ಸೂಚಿಸುತ್ತವೆ. ರಾತ್ರಿ ಎರಡು ಗಂಟೆಗೆ ರಿಲೀಸ್ ಮಾಡಿಸಿ ಬೆಳಿಗ್ಗೆ ಹತ್ತಕ್ಕೆ ಮೀಟಿಂಗಿಗೆ ಕರೆಯುವಲ್ಲಿ ಉಸಿರಾಟದ ಅಭ್ಯಾಸ ಹೇಳಿಕೊಡುವುದೆಂದರೆ ಅಡಿಕೆಗೆ ಕೊಳೆರೋಗ ಹಿಡಿದ ಮೇಲೆ ಮದ್ದು ಸಿಂಪಡಿಸಿದಂತೆ. ರಾತ್ರಿಯ ಕರೆಗಳನ್ನು ಸರದಿಯ ಮೇಲೆ ಹಂಚಿ, ಸರದಿಯ ಮರುದಿನ ಮಧ್ಯಾಹ್ನದವರೆಗೆ ಯಾವ ಮೀಟಿಂಗನ್ನೂ ಇಡಬಾರದೆಂದು ಮಾಡಿದ ಮೇಲೆ ಜನರ ಮುಖದಲ್ಲಿ ಕಂಡ ವ್ಯತ್ಯಾಸ ಆ್ಯಪ್‌ನಿಂದ ಬಂದದ್ದಲ್ಲ.

ಹಣ ಕಟ್ಟಲಾಗದ ಕಂಪೆನಿಗಳಿಗೂ ದಾರಿಯಿಲ್ಲದಿಲ್ಲ. 2022ರ ಅಕ್ಟೋಬರ್ 10ರಂದು ಕೇಂದ್ರ ಸರ್ಕಾರ ಆರಂಭಿಸಿದ, ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯ ನೇತೃತ್ವದ ಟೆಲಿ ಮಾನಸ್ ಸೇವೆ 14416 ಸಂಖ್ಯೆಯಲ್ಲಿ ಹಗಲಿರುಳೂ ಉಚಿತವಾಗಿ ಸಿಗುತ್ತದೆ, ಭಾಷೆಗಳ ಆಯ್ಕೆಯಲ್ಲಿ ಕನ್ನಡವೂ ಇದೆ. ಕೇರಳದ ದಿಶಾ ಸಹಾಯವಾಣಿಯ ಸಂಖ್ಯೆ 1056. ಎರಡನ್ನೂ ನೀರಿನ ಫಿಲ್ಟರ್ ಪಕ್ಕದಲ್ಲಿ ಅಂಟಿಸಿದ್ದೇವೆ. ದೈಹಿಕ ಕಾಯಿಲೆಗಳಂತೆಯೇ ಮಾನಸಿಕ ಕಾಯಿಲೆಗಳಿಗೂ ವಿಮೆ ಒದಗಿಸಬೇಕೆಂದು ಅದೇ 2017ರ ಕಾಯ್ದೆ ಹೇಳುತ್ತದಾದರೂ, ನಮ್ಮ ಗುಂಪು ವಿಮೆ ಆಸ್ಪತ್ರೆಗೆ ದಾಖಲಾದರೆ ಮಾತ್ರ ಅನ್ವಯಿಸುವುದರಿಂದ ಮನೋವೈದ್ಯರ ಹೊರರೋಗಿ ಭೇಟಿಯ ಖರ್ಚು ಉದ್ಯೋಗಿಯದೇ ಆಗುತ್ತದೆ.

ಆದ್ದರಿಂದ ಈ ಬಾರಿಯ ನವೀಕರಣದಲ್ಲಿ ಧ್ವನಿಮುದ್ರಿಕೆ ಮುಂತಾದವುಗಳಿರುವ ದುಬಾರಿ ಯೋಜನೆಯನ್ನು ಬಿಟ್ಟು ಸಮಾಲೋಚನೆಯನ್ನಷ್ಟೇ ಉಳಿಸಿಕೊಂಡಿದ್ದೇವೆ. ಉಳಿದ ಹಣವನ್ನು ಮಂಗಳೂರಿನ ಭೇಟಿಗಳ ಮರುಪಾವತಿಗೆ ಎತ್ತಿಟ್ಟಿದ್ದೇವೆ. ರಸೀದಿಯಲ್ಲಿ ವೈದ್ಯರ ವಿಭಾಗದ ಹೆಸರು ಕಾಣಿಸುವುದರಿಂದ ಅದು ಸಂಸ್ಥಾಪಕರ ಬಳಿಗಾಗಲಿ ನನ್ನ ಬಳಿಗಾಗಲಿ ಬರುವುದಿಲ್ಲ. ಹೊರಗಿನ ಲೆಕ್ಕಪರಿಶೋಧಕರ ಕೈಗೆ ಹೋಗುತ್ತದೆ, ನಮಗೆ ತಲುಪುವುದು ಒಟ್ಟು ಮೊತ್ತ ಮಾತ್ರ.