ಡಿಎನ್‌ಎಸ್‌ಮಾಸ್ಕ್: ಪ್ಯಾಕೇಜ್ ಬಿಟ್ಟು ನಾವೇ ಕಂಪೈಲ್ ಮಾಡ್ಕೊಂಡು ಕೆಲವು ಮಳೆಗಾಲ ಓಡಿಸಿದ ಮೇಲೆ

ಮೊದ್ಲೇ ಹೇಳ್ಬಿಡ್ತೀನಿ, ನೆಟ್‌ವರ್ಕಲ್ಲಿರೋ ಸಾಧನಗಳಿಗೆ ಐಪಿ ಅಡ್ರೆಸ್ ಹಂಚಿ, ಹೆಸರಿಗೆ ಅಡ್ರೆಸ್ ಹುಡುಕಿಕೊಡೋ ಡಿಎನ್‌ಎಸ್‌ಮಾಸ್ಕ್ ಒಳ್ಳೇ ಸಾಫ್ಟ್‌ವೇರು. ಯುಪಿಎಸ್ ಇರೋ ಆಫೀಸು, ಕರೆಂಟು ಹೋಗದ ಊರು ನಿಮ್ದಾದ್ರೆ ಆಪ್ಟ್ ಇನ್‌ಸ್ಟಾಲ್ ಹೊಡೀರಿ, ನಾಲ್ಕು ಸಾಲು ಕಾನ್ಫಿಗ್ ಬರೀರಿ, ಮುಗೀತು, ಮುಂದೆ ಓದೋ ಅಗತ್ಯವೇ ಇಲ್ಲ. ನಾನು ಬರೀತಿರೋದು ತೀರ್ಥಹಳ್ಳಿಯಿಂದ ಆಗುಂಬೆ ಕಡೆ ಹೋಗೋ ದಾರೀಲಿ, ತೋಟದ ನಡುವೆ ಇರೋ ಮನೆ ಮತ್ತು ಹೋಂಸ್ಟೇ ಲೆಕ್ಕದಲ್ಲಿ. ಇಲ್ಲಿ ಆರಿದ್ರಾ ಮಳೆ ಹಿಡೀತು ಅಂದ್ರೆ ಎಲ್ಲೋ ಒಂದು ಮರ ಲೈನ್ ಮೇಲೆ ಬಿದ್ದೇ ಬೀಳುತ್ತೆ, ಕರೆಂಟು ರಾತ್ರಿ ಹೋದ್ರೆ ಮಾರನೇ ದಿನ ಮಧ್ಯಾಹ್ನ ಬಂದ್ರೂ ಪುಣ್ಯ, ಅದೇ ಮರ ಫೈಬರ್ ಕೇಬಲ್ಲನ್ನೂ ಎಳ್ಕೊಂಡು ಬಿದ್ದಿರುತ್ತೆ. ಲಿಂಗನಮಕ್ಕಿ ಇರೋ ಜಿಲ್ಲೇಲಿ ಕೂತು ಇದನ್ನ ಬರೆಯೋ ಸುಖವೇ ಬೇರೆ, ಇರ್ಲಿ.

ಸೆಟಪ್ ದೊಡ್ಡದೇನಲ್ಲ. ರಾಸ್ಪ್‌ಬೆರಿ ಪೈ 3 ಅನ್ನೋ ಪುಟ್ಟ ಕಂಪ್ಯೂಟರ್ ಒಂದು, ಅದರ ಮೇಲೆ ಡೆಬಿಯನ್ ಲಿನಕ್ಸ್ ಥರದ್ದೇ ಓಎಸ್ಸು, ಐಪಿ ಅಡ್ರೆಸ್ ಹಂಚೋದೂ (ಡಿಎಚ್‌ಸಿಪಿ), ಹೆಸರಿಗೆ ಅಡ್ರೆಸ್ ಹೇಳೋ ಡಿಎನ್‌ಎಸ್ಸೂ ಎರಡೂ ಡಿಎನ್‌ಎಸ್‌ಮಾಸ್ಕಿಂದೇ. ನೆಟ್ ಕಂಪನಿಯವರು ಕೊಟ್ಟ ಡಬ್ಬದಲ್ಲೂ ಡಿಎಚ್‌ಸಿಪಿ ಇದೆ, ಆದ್ರೆ ಅದರಲ್ಲಿ ಕ್ಯಾಮೆರಾಗೆ ಖಾಯಂ ಅಡ್ರೆಸ್ ಇಡೋಕೂ ಬಿಡಲ್ಲ, ಹೆಸರಿಂದ ಹುಡುಕೋಕೂ ಆಗಲ್ಲ, ಹಾಗಾಗಿ ಆಫ್ ಮಾಡಿದೀನಿ. ಮನೆಯವರ ಫೋನು, ಬಂದುಹೋಗೋ ಗೆಸ್ಟ್‌ಗಳ ಫೋನು ಲ್ಯಾಪ್‌ಟಾಪು, ಅಡಿಕೆ ಒಣಗಿಸೋ ಅಂಗಳ ನೋಡೋ ಕ್ಯಾಮೆರಾಗಳು, ಟಿವಿ, ಪ್ರಿಂಟರು, ಎಲ್ಲಾ ಇದರ ಕೆಳಗೇ.

ಸಮಸ್ಯೆ ಎಲ್ಲಿ ಅಂದ್ರೆ ಪೈ 3ರಲ್ಲಿ ಗಡಿಯಾರದ ಚಿಪ್ಪೇ ಇಲ್ಲ. ಕರೆಂಟು ಹೋದ್ರೆ ಟೈಮೂ ಹೋಯ್ತು. ಫೇಕ್ ಹೆಚ್‌ಡಬ್ಲ್ಯೂ ಕ್ಲಾಕ್ ಅಂತ ಒಂದಿದೆ, ಅದು ಆಗಾಗ ಟೈಮನ್ನ ಒಂದು ಫೈಲಲ್ಲಿ ಬರ್ಕೊಂಡು ಬೂಟ್ ಆದಾಗ ಅಲ್ಲಿಂದ ಶುರು ಮಾಡುತ್ತೆ, ಅಷ್ಟೆ. ರಾತ್ರಿ ಒಂಬತ್ತಕ್ಕೆ ಹೋದ ಕರೆಂಟು ಮಾರನೇ ದಿನ ಮಧ್ಯಾಹ್ನ ಹನ್ನೆರಡಕ್ಕೆ ಬಂದ್ರೂ ಪೈ ಪಾಲಿಗೆ ಇನ್ನೂ ರಾತ್ರಿ ಒಂಬತ್ತೇ. ನೆಟ್ ಇದ್ರೆ ಎನ್‌ಟಿಪಿ (ನೆಟ್ಟಿಂದ ಸರಿ ಟೈಮ್ ತರೋ ವ್ಯವಸ್ಥೆ) ಸರಿ ಮಾಡುತ್ತೆ, ಆದ್ರೆ ಫೈಬರ್ ಕಟ್ ಆಗಿದೆಯಲ್ಲ ಮಾರಾಯ್ರೆ. ಇಂಥ ಹೊತ್ತಲ್ಲಿ ಸರ್ವರ್ರು ಹನ್ನೆರಡು ಗಂಟೆಯ ಲೀಸ್, ಅಂದ್ರೆ ಅಷ್ಟು ಹೊತ್ತಿಗೆ ಅಡ್ರೆಸ್ ಬಾಡಿಗೆಗೆ ಕೊಡುತ್ತೆ, ಮಾಮೂಲಿ ಬಿಲ್ಡಲ್ಲಿ (ಪ್ಯಾಕೇಜಲ್ಲಿ ಬರೋ ರೆಡಿಮೇಡ್ ಪ್ರೋಗ್ರಾಮಲ್ಲಿ) ಲೀಸ್ ಫೈಲಲ್ಲಿ ಬರ್ಕೊಳ್ಳೋದು ಮುಗಿಯೋ ಟೈಮನ್ನ, ಅಂದ್ರೆ ಅದರ ಲೆಕ್ಕದ ಬೆಳಿಗ್ಗೆ ಒಂಬತ್ತು. ಸಂಜೆ ಹೊತ್ತಿಗೆ ಫೈಬರ್ ಜೋಡಿಸ್ತಾರೆ, ಎನ್‌ಟಿಪಿ ಬಂದು ಗಡಿಯಾರ ಒಂದೇ ಸಲ ಹದಿನೈದು ಗಂಟೆ ಮುಂದಕ್ಕೆ ಹಾರುತ್ತೆ, ಅಷ್ಟೂ ಲೀಸು ಒಟ್ಟಿಗೆ ಢಮಾರ್. ಫೋನಿಗೆ ಇದ್ಯಾವುದೂ ಗೊತ್ತಿಲ್ಲ, ಅದು ತನ್ನ ಹನ್ನೆರಡು ಗಂಟೆಯನ್ನ ತಾನೇ ಎಣಿಸ್ತಾ ಕೂತಿರುತ್ತೆ, ಅರ್ಧ ಅವಧಿ ಮುಗಿಯೋವರೆಗೆ ರಿನ್ಯೂ ಕೇಳೋಕೂ ಬರಲ್ಲ.

ಇದರಿಂದ ಏನಾಗುತ್ತೆ? ಡಿಎನ್‌ಎಸ್‌ಮಾಸ್ಕ್ ಲೀಸಲ್ಲಿ ಇರೋ ಹೆಸರನ್ನೇ ಡಿಎನ್‌ಎಸ್ಸಿಗೂ ಕೊಡೋದು, ಹಾಗಾಗಿ ಲೀಸು ಹೋದ ತಕ್ಷಣ ಪ್ರಿಂಟರು ಟಿವಿ ಹೆಸರಲ್ಲಿ ಸಿಗೋದು ನಿಂತುಹೋಗುತ್ತೆ. ಸಾಧನ ಆನ್ ಇದೆ, ಪಿಂಗ್ ಮಾಡಿ ಇದೀಯಾ ಅಂತ ಕೇಳಿದ್ರೆ ಹೂಂ ಅನ್ನುತ್ತೆ, ಹೆಸರಿಗೆ ಮಾತ್ರ ಉತ್ತರ ಇಲ್ಲ. ಒಂದೇ ಅಡ್ರೆಸ್ ಇಬ್ಬರಿಗೆ ಹೋಗೋ ಡಿಕ್ಕಿ ಅಪರೂಪ, ಯಾಕಂದ್ರೆ ಇದು ಸಾಧನದ ಹಾರ್ಡ್‌ವೇರ್ ನಂಬರ್ರಾದ ಮ್ಯಾಕ್ ಅಡ್ರೆಸ್ಸಿಂದ ಲೆಕ್ಕ ಹಾಕಿ (ಹ್ಯಾಶ್ ಮಾಡಿ) ಐಪಿ ಆರಿಸುತ್ತೆ, ಹೆಚ್ಚಾಗಿ ಅವರವರಿಗೆ ಹಳೇದೇ ಸಿಗುತ್ತೆ, ಕೊಡೋ ಮುಂಚೆ ಪಿಂಗ್ ಹೊಡೆದೂ ನೋಡುತ್ತೆ. ಆದ್ರೆ ಗೆಸ್ಟ್ ರೇಂಜ್ ಸಣ್ಣದಿಟ್ಟು, ನಿದ್ದೆ ಹೋದ ಫೋನು ಪಿಂಗಿಗೆ ಉತ್ತರ ಕೊಡದೇ ಇದ್ರೆ ಡಿಕ್ಕಿನೂ ಆಗುತ್ತೆ. ಆಗ ಗೆಸ್ಟ್ ಬಂದು "ಸರ್, ವೈಫೈ ಕನೆಕ್ಟ್ ಆಗಿದೆ, ಆದ್ರೆ ಏನೂ ಓಪನ್ ಆಗ್ತಿಲ್ಲ" ಅಂತಾರೆ, ನಾವು ಮಳೆ ಮೇಲೆ ಹಾಕೋದು.

ಇದಕ್ಕೆ ಮದ್ದು ಸೋರ್ಸ್, ಅಂದ್ರೆ ಪ್ರೋಗ್ರಾಮಿನ ಮೂಲ ಕೋಡಿನ ಒಳಗೇ ಇದೆ. ಎಸ್‌ಆರ್‌ಸಿ ಫೋಲ್ಡರಲ್ಲಿ ಕಾನ್ಫಿಗ್ ಡಾಟ್ ಹೆಚ್ ಅಂತ ಒಂದು ಫೈಲು, ಡಿಎನ್‌ಎಸ್‌ಮಾಸ್ಕಿನ ಕಂಪೈಲ್ ಟೈಮ್ ಆಪ್ಷನ್ನು (ಕೋಡಿಂದ ಪ್ರೋಗ್ರಾಮ್ ಕಟ್ಟೋ ಹೊತ್ತಲ್ಲೇ ಆರಿಸಬೇಕಾದ್ದು) ಅಂತ ಏನಿದ್ಯೋ ಎಲ್ಲಾ ಅಲ್ಲೇ, ಒಂದೊಂದಕ್ಕೂ ಬರೆದವರಾದ ಸೈಮನ್ ಕೆಲ್ಲಿ ಅವರು ಸಣ್ಣ ವಿವರಣೆ ಕೊಟ್ಟಿದಾರೆ. ಅದರಲ್ಲೊಂದು ಹ್ಯಾವ್ ಬ್ರೋಕನ್ ಆರ್‌ಟಿಸಿ (ಆರ್‌ಟಿಸಿ ಅಂದ್ರೆ ಆ ಗಡಿಯಾರದ ಚಿಪ್ಪೇ). ಇದನ್ನ ಹಾಕಿ ಕಂಪೈಲ್ ಮಾಡಿದ್ರೆ ಸರ್ವರ್ರು ಗೋಡೆ ಗಡಿಯಾರ ನೋಡೋದೇ ಬಿಟ್ಟು ಮೆಷೀನು ಆನ್ ಆಗಿ ಎಷ್ಟು ಹೊತ್ತಾಯ್ತು ಅಂತ ಮಾತ್ರ ಎಣಿಸುತ್ತೆ, ಲೀಸ್ ಫೈಲಲ್ಲೂ ಮುಗಿಯೋ ಟೈಮ್ ಬದಲು ಲೀಸಿನ ಉದ್ದ ಬರೆಯುತ್ತೆ. ಲಾಡ್ಜ್ ಪುಸ್ತಕದಲ್ಲಿ "ನಾಳೆ ಒಂಬತ್ತಕ್ಕೆ ಖಾಲಿ" ಅಂತ ಬರೆಯೋದಕ್ಕೂ "ಹನ್ನೆರಡು ಗಂಟೆಗೆ ಕೊಟ್ಟಿದೆ" ಅಂತ ಬರೆಯೋದಕ್ಕೂ ಇರೋ ವ್ಯತ್ಯಾಸ, ಗಡಿಯಾರ ನಿಂತ ದಿನ ಎರಡನೇದು ಮಾತ್ರ ಕೆಲಸಕ್ಕೆ ಬರೋದು.

ನನಗೆ ಗೊತ್ತಿಲ್ಲದೇ ಸಿಕ್ಕಿದ ಇನ್ನೊಂದು ಲಾಭ ಎಸ್‌ಡಿ ಕಾರ್ಡಿಂದು. ಮಾಮೂಲಿ ಬಿಲ್ಡು ಪ್ರತಿ ರಿನ್ಯೂಗೂ ಲೀಸ್ ಫೈಲನ್ನ ಮತ್ತೆ ಬರೆಯುತ್ತೆ, ಮುಗಿಯೋ ಟೈಮ್ ಬದಲಾಯ್ತಲ್ಲ. ಡೀಫಾಲ್ಟ್ ಲೀಸ್ ಒಂದು ಗಂಟೆ, ಅರ್ಧ ಗಂಟೆಗೊಮ್ಮೆ ರಿನ್ಯೂ, ಮೂವತ್ತು ಸಾಧನ ಇದ್ರೆ ದಿನಕ್ಕೆ 1440 ಸಲ ಬರೆದ ಹಾಗೆ. ಈ ಆಪ್ಷನ್ ಹಾಕಿದ್ರೆ ಹೊಸ ಲೀಸ್ ಹುಟ್ಟಿದಾಗ, ಹಳೇದು ಸತ್ತಾಗ ಮಾತ್ರ ಬರೆಯುತ್ತೆ. ಬರೀತಿರೋ ಹೊತ್ತಿಗೆ ಸರಿಯಾಗಿ ಕರೆಂಟು ಹೋದ್ರೆ ಕಾರ್ಡಿನ ಗತಿ ಏನು ಅಂತ ಪೈ ಇಟ್ಕೊಂಡ ಎಲ್ರಿಗೂ ಗೊತ್ತು, ಹಾಗಾಗಿ ನನ್ನ ಪ್ರಕಾರ ಬರೀ ಇದಕ್ಕೋಸ್ಕರ ಆದ್ರೂ ಕಂಪೈಲ್ ಮಾಡ್ಬೋದು.

ಮಾಡೋದು ಹೇಗೆ ಅಂದ್ರೆ ಎರಡು ದಾರಿ. ಒಂದು, ಸೋರ್ಸ್ ಟಾರ್ ಇಳಿಸಿ, ಮೇಕ್ ಕಮಾಂಡಿಗೆ ಕಾಪ್ಟ್ಸ್ ಅನ್ನೋ ವೇರಿಯಬಲ್ಲಲ್ಲಿ ಮೈನಸ್ ಡಿ ಸೇರಿಸಿ ಆಪ್ಷನ್ ಹೆಸರು ಕೊಡೋದು, ಕಾನ್ಫಿಗ್ಯೂರ್ ಸ್ಕ್ರಿಪ್ಟು ಗಿಪ್ಟು ಏನೂ ಇಲ್ಲ, ಸಿ ಕೋಡು, ಸಣ್ಣದು, ಪೈ ಮೇಲೇ ಒಂದು ಲೋಟ ಕಾಫಿ ಮುಗಿಯೋದ್ರೊಳಗೆ ಆಗುತ್ತೆ. ಹೀಗೆ ಮಾಡಿದ್ದು ಯೂಸರ್ ಲೋಕಲ್ ಫೋಲ್ಡರ್ ಕೆಳಗೆ ಕೂರುತ್ತೆ, ಬೂಟಲ್ಲಿ ಪ್ರೋಗ್ರಾಮ್ ಶುರು ಮಾಡೋ ಸಿಸ್ಟಮ್‌ಡಿ ಸರ್ವೀಸ್ ಫೈಲು ಹಳೇ ಜಾಗದ ಬೈನರಿಯನ್ನೇ ಕರೀತಾ ಇರುತ್ತೆ, ಅದನ್ನ ತಿದ್ದಬೇಕು. ಎರಡನೇದು ನನಗೆ ಇಷ್ಟ ಆಗಿದ್ದು: ಡೆಬಿಯನ್ ಸೋರ್ಸ್ ಪ್ಯಾಕೇಜ್ ತಗೊಂಡು, ಡೆಬ್ ಬಿಲ್ಡ್ ಆಪ್ಷನ್ಸ್ ಅನ್ನೋ ವೇರಿಯಬಲ್ಲಿಗೆ ನೋಆರ್‌ಟಿಸಿ ಅಂತ ಕೊಟ್ಟು ಪ್ಯಾಕೇಜನ್ನೇ ಮತ್ತೆ ಕಟ್ಟೋದು. ಡೆಬಿಯನ್ನವರು ಇದನ್ನ ಮೊದ್ಲೇ ಯೋಚಿಸಿ ಇಟ್ಟಿದಾರೆ ಅನ್ನೋದೇ ಖುಷಿ. ಜಾಗ, ಸರ್ವೀಸು ಎಲ್ಲಾ ಇದ್ದಲ್ಲೇ ಇರುತ್ತೆ. ಆದ್ಮೇಲೆ ಡಿಎನ್‌ಎಸ್‌ಮಾಸ್ಕಿಗೆ ವರ್ಷನ್ ಕೇಳಿದ್ರೆ ಕಂಪೈಲ್ ಟೈಮ್ ಆಪ್ಷನ್ಸ್ ಅಂತ ಒಂದು ಉದ್ದ ಸಾಲು ಬರುತ್ತಲ್ಲ, ಅದರಲ್ಲಿ ನೋ ಆರ್‌ಟಿಸಿ ಅಂತ ಇದೆಯಾ ನೋಡ್ಕೊಳ್ಳಿ. ಹಾಕಿದ್ರೆ ಮಾತ್ರ ಆ ಪದ ಕಾಣೋದು, ಮಿಕ್ಕವು ಹಾಕದೇ ಇದ್ರೂ ನೋ ಸೇರಿಸ್ಕೊಂಡು ಕಾಣ್ತವೆ.

ಬೇರೆ ಆಪ್ಷನ್‌ಗಳ ಬಗ್ಗೆ ಜಾಸ್ತಿ ಹೇಳೋಕೆ ಏನಿಲ್ಲ. ಟಿಎಫ್‌ಟಿಪಿ ಬೇಡ ಅಂತ ತೆಗೆದೆ, ನೆಟ್‌ವರ್ಕಿಂದ ಬೂಟ್ ಆಗೋ ಮೆಷೀನ್ ನಮ್ಮಲ್ಲಿ ಇಲ್ಲ. ಬೇರೆ ಪ್ರೋಗ್ರಾಮ್‌ಗಳ ಜೊತೆ ಮಾತಾಡೋ ಡಿಬಸ್ ಬೇಡ. ಹೀಗೆ ಕಿತ್ತು ಹಾಕೋದ್ರಿಂದ ಮೆಮೊರಿ ಉಳಿಯುತ್ತೆ ಅಂತ ಕೆಲವರು ಹೇಳ್ತಾರೆ, ಪೈ ಮೇಲೆ ಅದು ಲೆಕ್ಕಕ್ಕೇ ಇಲ್ಲ, ಬಳಸದ ಕೋಡು ಇಲ್ದಿದ್ರೆ ಅದರ ಸೆಕ್ಯುರಿಟಿ ತೂತೂ ಇರಲ್ಲ ಅನ್ನೋದಷ್ಟೇ ಸಮಾಧಾನ. ನೋ ಡಿಎಚ್‌ಸಿಪಿ6 ಹಾಕೋ ಮುಂಚೆ ಮಾತ್ರ ಯೋಚ್ನೆ ಮಾಡಿ, ಅದರ ಜೊತೆ ಐಪಿವಿ6 ರೂಟರ್ ಅಡ್ವರ್ಟೈಸ್‌ಮೆಂಟೂ ಹೋಗುತ್ತೆ. ಡಿಎನ್‌ಎಸ್ ಉತ್ತರ ಅಸಲಿಯಾ ಅಂತ ಸಹಿ ನೋಡಿ ಹೇಳೋ ಡಿಎನ್‌ಎಸ್‌ಸೆಕ್ಕು ಬೇರೆ ಕಥೆ. ಸಹಿಗಳ ಅವಧಿ ನೋಡೋಕೆ ನಿಜವಾದ ಟೈಮೇ ಬೇಕು, ಟೈಮು ಬೇಕಂದ್ರೆ ಎನ್‌ಟಿಪಿ, ಎನ್‌ಟಿಪಿ ಸರ್ವರ್ ಹೆಸರು ಸಿಗ್ಬೇಕಂದ್ರೆ ಡಿಎನ್‌ಎಸ್ಸು. ಇದನ್ನ ಬಿಡಿಸೋಕೆ ಡಿಎನ್‌ಎಸ್‌ಸೆಕ್ ಟೈಮ್‌ಸ್ಟ್ಯಾಂಪ್ ಅಂತ ಬೇರೆ ರನ್‌ಟೈಮ್ ಆಪ್ಷನ್ ಇದೆ, ನಾನು ಆ ಗೋಜಿಗೇ ಹೋಗ್ಲಿಲ್ಲ, ಡಿಎನ್‌ಎಸ್‌ಸೆಕ್ಕನ್ನೇ ಬಿಟ್ಟೆ. ಕಾನ್ಫಿಗ್ ಡಾಟ್ ಹೆಚ್ಚಲ್ಲಿ ಮೇಲ್ಗಡೆ ಕೆಲವು ನಂಬರ್‌ಗಳೂ ಇದಾವೆ, ಪಿಂಗಿಗೆ 3 ಸೆಕೆಂಡ್ ಕಾಯೋದು, ಗರಿಷ್ಠ 1000 ಲೀಸು, ಸಾಧನ ಬೇಡ ಅಂದ ಖಾಯಂ ಅಡ್ರೆಸ್ಸನ್ನ 600 ಸೆಕೆಂಡ್ ಪಕ್ಕಕ್ಕಿಡೋದು ಈ ಥರ. ಲೀಸ್ ಅವಧಿ, ಗರಿಷ್ಠ ಲೀಸು ಇವೆಲ್ಲ ಕಾನ್ಫಿಗ್ ಫೈಲಲ್ಲೇ ಬದಲಾಯಿಸ್ಬೋದು, ಅದಕ್ಕೆ ಸೋರ್ಸ್ ಮುಟ್ಟೋಕೆ ಹೋಗ್ಬೇಡಿ.

ಈಗ ಬೈಯೋ ಭಾಗ. ಈ ಬಿಲ್ಡಲ್ಲಿ ಲೀಸ್ ಫೈಲಿನ ಮೊದಲ ಕಾಲಮ್ಮೇ ಬೇರೆ ಅರ್ಥ. ನಮ್ಮಲ್ಲಿ ಯಾರ್ಯಾರು ಕನೆಕ್ಟ್ ಆಗಿದಾರೆ ಅಂತ ತೋರಿಸೋ ಒಂದು ಸಣ್ಣ ಪೇಜ್ ಇತ್ತು, ಅದು 43200 ಸೆಕೆಂಡ್ (ಹನ್ನೆರಡು ಗಂಟೆ) ಅನ್ನೋ ಲೀಸ್ ಉದ್ದವನ್ನ, 1970ರ ಶುರುವಿಂದ ಸೆಕೆಂಡ್ ಎಣಿಸಿ ಬರೆಯೋ ತಾರೀಖು ಅಂದ್ಕೊಂಡು ಎಲ್ಲರ ಲೀಸೂ 1970ರ ಜನವರಿ 1ರ ಸಂಜೆ ಐದೂವರೆಗೆ ಮುಗಿದಿದೆ ಅಂತ ತೋರಿಸ್ತಾ ಕೂತಿತ್ತು. ತಮ್ಮ ನೋಡಿ "ಅಣ್ಣಾ, ನಾವಿಬ್ರೂ ಹುಟ್ಟೋಕೆ ಮುಂಚೆನೇ ನಮ್ಮ ವೈಫೈ ಎಕ್ಸ್‌ಪೈರ್ ಆಗಿದೆಯಲ್ಲೋ" ಅಂತ ನಕ್ಕಿದ್ದೇ ನಕ್ಕಿದ್ದು. ಲೀಸ್ ಬದಲಾದಾಗ ಓಡೋ ಡಿಎಚ್‌ಸಿಪಿ ಸ್ಕ್ರಿಪ್ಟ್ ಬಳಸೋರಿಗೂ ಇದೇ, ಡಿಎನ್‌ಎಸ್‌ಮಾಸ್ಕ್ ಲೀಸ್ ಎಕ್ಸ್‌ಪೈರ್ಸ್ ಅನ್ನೋ ವೇರಿಯಬಲ್ ಬರಲ್ಲ, ಅದರ ಜಾಗದಲ್ಲಿ ಲೀಸ್ ಲೆಂತ್ ಬರುತ್ತೆ. ಮ್ಯಾನುಯಲ್ಲಲ್ಲಿ ಬರೆದಿದೆ, ಆದ್ರೆ ಯಾರು ಓದ್ತಾರೆ.

ಇನ್ನೊಂದು, ಪ್ರತಿ ರೀಸ್ಟಾರ್ಟಿಗೂ ಫೈಲಲ್ಲಿರೋ ಎಲ್ಲಾ ಲೀಸಿಗೂ ಪೂರ್ತಿ ಅವಧಿ ಹೊಸದಾಗಿ ಸಿಗುತ್ತೆ, ಎಷ್ಟು ಹೊತ್ತು ಆಫ್ ಇತ್ತು ಅಂತ ಅದಕ್ಕೆ ಗೊತ್ತಾಗೋದಾದ್ರೂ ಹೇಗೆ. ದಿನಕ್ಕೆ ನಾಕು ಸಲ ಕರೆಂಟು ಹೋಗಿ ಬರೋ ವಾರದಲ್ಲಿ, ಸೋಮವಾರ ರೂಮ್ ಖಾಲಿ ಮಾಡಿ ಬೆಂಗಳೂರು ಸೇರಿದ ಗೆಸ್ಟಿನ ಫೋನು ಶುಕ್ರವಾರವೂ ನಮ್ಮ ಐಪಿ ಹಿಡ್ಕೊಂಡೇ ಇರುತ್ತೆ. ನಾನು ಗೆಸ್ಟ್ ರೇಂಜಿಗೆ ಎರಡು ಗಂಟೆ ಲೀಸ್ ಇಟ್ಟು, ರೇಂಜನ್ನ ಧಾರಾಳವಾಗಿ ದೊಡ್ಡದು ಮಾಡಿ, ಕ್ಯಾಮೆರಾಗಳಿಗೆ ಡಿಎಚ್‌ಸಿಪಿ ಹೋಸ್ಟ್ ಸಾಲಲ್ಲಿ ಖಾಯಂ ಅಡ್ರೆಸ್ ಬರೆದೆ, ಆಮೇಲೆ ಕಾಟ ಇಲ್ಲ. ನೆಟ್‌ವರ್ಕಲ್ಲಿ ಡಿಎಚ್‌ಸಿಪಿ ಸರ್ವರ್ ಇದೊಂದೇ ಅಂತಾದ್ರೆ ಡಿಎಚ್‌ಸಿಪಿ ಅಥಾರಿಟೇಟಿವ್ ಸಾಲನ್ನೂ ಹಾಕಿ, ಲೀಸ್ ಫೈಲೇ ಹಾಳಾಗಿ ಹೋದ್ರೂ ಸಾಧನಗಳು ರಿನ್ಯೂ ಕೇಳಿದಾಗ ತಕರಾರಿಲ್ಲದೆ ಮತ್ತೆ ಸೇರ್ಕೊಳ್ತವೆ.

ಎಲ್ಲಕ್ಕಿಂತ ದೊಡ್ಡ ತಲೆನೋವು ಅಪ್‌ಡೇಟು. ನಾವೇ ಕಟ್ಟಿದ್ದನ್ನ ಹೋಲ್ಡಲ್ಲಿ (ಅಪ್‌ಗ್ರೇಡ್ ಮುಟ್ಟದ ಹಾಗೆ) ಇಡದಿದ್ರೆ ಮುಂದಿನ ಅಪ್‌ಗ್ರೇಡಲ್ಲಿ ಮಾಮೂಲಿ ಬೈನರಿ ಬಂದು ಕೂರುತ್ತೆ, ಅದು ಫೈಲಲ್ಲಿರೋ 43200 ನೋಡಿ 1970ರಲ್ಲೇ ಮುಗಿದ ಲೀಸು ಅಂತ ಎಲ್ಲಾ ಗುಡಿಸಿ ಹಾಕುತ್ತೆ. ಉಲ್ಟಾ ಇನ್ನೂ ಮಜಾ, ಮಾಮೂಲಿ ಫೈಲನ್ನ ಈ ಬಿಲ್ಡಿಗೆ ಕೊಟ್ರೆ ಆ ನೂರಾ ಎಪ್ಪತ್ತು ಕೋಟಿ ಚಿಲ್ಲರೆ ಸೆಕೆಂಡನ್ನೇ ಲೀಸಿನ ಉದ್ದ ಅಂದ್ಕೊಂಡು ಐವತ್ತು ವರ್ಷಕ್ಕೂ ಮೀರಿ ಅಡ್ರೆಸ್ ಬರ್ಕೊಡುತ್ತೆ. ಹೋಲ್ಡಲ್ಲಿ ಇಟ್ರೋ, ಸೆಕ್ಯುರಿಟಿ ಪ್ಯಾಚು ತಾನಾಗೇ ಬರಲ್ಲ. 2021ರ ಜನವರಿಲಿ ಡಿಎನ್‌ಎಸ್‌ಪೂಕ್ ಅಂತ ಏಳು ತೂತು ಒಟ್ಟಿಗೆ ಹೊರಬಂದ್ವು, 2.83ರಲ್ಲಿ ಸರಿ ಆಯ್ತು, 2024ರ ಫೆಬ್ರವರಿಲಿ ಡಿಎನ್‌ಎಸ್‌ಸೆಕ್ಕಿನ ಕೀಟ್ರ್ಯಾಪ್ ಬಂತು, ಅದಕ್ಕೆ 2.90. ಇಂಥದ್ದು ಬಂದಾಗ ಕೂತು ಮತ್ತೆ ಕಟ್ಟೋ ತಾಳ್ಮೆ ಇರೋರು ಮಾತ್ರ ಈ ಕೆಲಸಕ್ಕೆ ಇಳೀಬೇಕು, ಫ್ರೆಂಡ್ ಮನೆಗೆ ಹಾಕ್ಕೊಟ್ಟು ಮರೆತುಬಿಡೋ ಐಟಮ್ ಅಲ್ಲ ಇದು.

ಬೇರೆ ಸರ್ವರ್ ಯಾಕೆ ನೋಡ್ಲಿಲ್ಲ ಅಂತ ಕೇಳ್ತೀರ, ನೋಡಿದೀನಿ. ಐಎಸ್‌ಸಿ ಡಿಎಚ್‌ಸಿಪಿಗೆ ಕಾನ್ಫಿಗ್ಯೂರ್ ಆಪ್ಷನ್ನು ಸಾಕಷ್ಟಿವೆ, ಲೀಸ್ ಫೈಲ್ ಎಲ್ಲಿರ್ಬೇಕು, ಒಂದು ಸರ್ವರ್ ಬಿದ್ರೆ ಇನ್ನೊಂದು ನಡೆಸೋ ಫೇಲೋವರ್ ಬೇಕಾ, ಪ್ಯಾರನಾಯಾ ಹಾಕಿ ಬೇರೆ ಯೂಸರ್ ಹೆಸರಲ್ಲಿ ಓಡಿಸ್ಬೇಕಾ ಎಲ್ಲಾ ಹೇಳ್ಬೋದು, ಆದ್ರೆ ಲೀಸ್ ಫೈಲಲ್ಲಿ ತಾರೀಖು ಟೈಮು ಬರೆಯೋದೇ ಅದರ ಪದ್ಧತಿ, ಮೇಲಾಗಿ 2022ರ ಅಕ್ಟೋಬರಲ್ಲಿ ಕೊನೇ ರಿಲೀಸ್ ಮಾಡಿ ಅವರೇ ಕೈತೊಳೆದುಕೊಂಡ್ರು. ಅವರದೇ ಹೊಸದು ಕೀಯಾ, ಒಳ್ಳೇದೇ, ಮೈಸೀಕ್ವೆಲ್ ಪೋಸ್ಟ್‌ಗ್ರೆಸ್ ಬೇಕಾ, ಓಪನ್‌ಎಸ್‌ಎಸ್‌ಎಲ್ ಬೇಕಾ ಬೋಟಾನ್ ಬೇಕಾ ಅಂತ ಕಂಪೈಲ್ ಹೊತ್ತಿಗೇ ಕೇಳುತ್ತೆ, 3.0ರಿಂದ ಹಳೇ ಕಾನ್ಫಿಗ್ಯೂರ್ ಬಿಟ್ಟು ಮೆಸಾನ್ ಅನ್ನೋ ಬಿಲ್ಡ್ ಟೂಲಿಗೆ ಹೋಗಿದಾರೆ. ಆದ್ರೆ ಬೂಸ್ಟ್ ಲೈಬ್ರರಿ ಸಮೇತ ಆ ಸಿ ಪ್ಲಸ್ ಪ್ಲಸ್ಸನ್ನ 1 ಜಿಬಿ ರ‍್ಯಾಮಿನ ಪೈ ಮೇಲೆ ಕಟ್ಟೋಕೆ ಕೂತ್ರೆ ಸ್ವಾಪ್ ತಿಂದು ತಿಂದು ಕಾರ್ಡು ಹೆದ್ರುತ್ತೆ, ಅದರ ಲೀಸ್ ಫೈಲಲ್ಲೂ ಮುಗಿಯೋ ಟೈಮೇ ಇರೋದು. ಕಾಲೇಜು, ಆಸ್ಪತ್ರೆ ಥರದ ಜಾಗಕ್ಕೆ ಸರಿ, ನಮ್ಮಂಥ ಮನೆಗೆ ಅತಿ ಆಯ್ತು.

"ಒಂದು ಡಿಎಸ್3231 ಗಡಿಯಾರದ ಮಾಡ್ಯೂಲ್ ಹಾಕಿದ್ರೆ ಆಯ್ತಲ್ಲ ಮಾರಾಯ" ಅಂತ ಶಿವಮೊಗ್ಗದ ಭಾವ ಮೊದಲ ದಿನವೇ ಹೇಳಿದ್ರು. ಮಾತು ಸರಿ ಇದೆ. ಒಂದು ಬಟನ್ ಸೆಲ್ಲು, ನಾಕು ವೈರು, ಟೈಮಿನ ಸಮಸ್ಯೆ ಅಲ್ಲಿಗೆ ಮುಗೀತು, ಲಾಗಲ್ಲಿ ಟೈಮೂ ಸರಿ ಬರುತ್ತೆ, ಅದು ಈ ಕಂಪೈಲ್ ದಾರೀಲಿ ಸಿಗಲ್ಲ. ಪೈ 5 ಆದ್ರೆ ಗಡಿಯಾರ ಬೋರ್ಡಲ್ಲೇ ಇದೆ, ಬ್ಯಾಟರಿ ಸಿಕ್ಕಿಸಿದ್ರೆ ಸಾಕು. ಹೊಸದಾಗಿ ಶುರು ಮಾಡೋರು ಹಾಗೇ ಮಾಡಿ, ಪ್ಯಾಕೇಜನ್ನೇ ಬಳಸಿ, ಅಪ್‌ಡೇಟೂ ತಾನಾಗೇ ಬರುತ್ತೆ. ನಾನು ಇದರಲ್ಲೇ ಉಳಿದಿರೋದು ಕಾರ್ಡ್ ಮೇಲೆ ಬರೆಯೋದು ಕಮ್ಮಿ ಆಗಿರೋದಕ್ಕೆ, ಅದನ್ನ ಯಾವ ಮಾಡ್ಯೂಲೂ ಕೊಡಲ್ಲ.

ರೇಟಿಂಗ್ ಐದಕ್ಕೆ ನಾಕು. ಆ ಒಂದು ಸ್ವಿಚ್ಚು ಕಾನ್ಫಿಗ್ ಫೈಲಲ್ಲೇ ಒಂದು ಸಾಲಾಗಿ ಇದ್ದಿದ್ರೆ ಐದೂ ಕೊಡ್ತಿದ್ದೆ. ಯಾರಾದ್ರೂ ಇದನ್ನ ನೋಡಿ ಕಂಪೈಲ್ ಮಾಡೋಕೆ ಹೊರಟ್ರೆ, ಹೊಸ ಬೈನರಿ ಶುರು ಮಾಡೋ ಮುಂಚೆ ವಾರ್ ಲಿಬ್ ಮಿಸ್ಕ್ ಫೋಲ್ಡರ್ ಒಳಗಿನ ಹಳೇ ಲೀಸ್ ಫೈಲನ್ನ ಅಳಿಸಿ, ವಾಪಸ್ ಪ್ಯಾಕೇಜಿಗೆ ಬರೋವಾಗಲೂ ಅಷ್ಟೇ.