ತಲೆ ಮೇಲೂ ನಾಟಿ ಮಾಡಿಸಿದೆ

ನಾಟಿ ಅಂದ್ರೆ ನನಗೆ ಗೊತ್ತಿದ್ದದ್ದು ರಾಗಿ ಪೈರಿನದು ಮಾತ್ರ. 34ಕ್ಕೇ ಮುಂದಲೆ ಬೋಳಾಯ್ತು. ಕ್ಯಾತ್ಸಂದ್ರದಲ್ಲಿ ತಟ್ಟೆ ಇಡ್ಲಿ ತಿಂದುಕೊಂಡೇ ತುಮಕೂರಿನ ಒಂದು ಕ್ಲಿನಿಕ್‌ಗೆ ಹೋದೆ. ಹಿಂದಲೆಯಿಂದ ಕೂದಲನ್ನು ಬೇರು ಸಮೇತ ಒಂದೊಂದೇ ತೆಗೆದು ಮುಂದೆ ನೆಡುತ್ತಾರೆ, ಎಫ್‌ಯುಇ ಅಂತ. 1,800 ಗ್ರಾಫ್ಟ್ (ಹಾಗೆ ಕಿತ್ತು ನೆಡುವ ಕೂದಲಿನ ಬುಡ), 7 ಗಂಟೆ. ಮರಗಟ್ಟಿಸುವ ಇಂಜೆಕ್ಷನ್ ಜೋರಾಗಿ ಉರಿಯಿತು, ಆಮೇಲೆ ನಿದ್ದೆಯೇ ಬಂತು.

ಬೇಜಾರು ಒಂದೇ. ಮೂರನೇ ವಾರ ನೆಟ್ಟ ಕೂದಲೆಲ್ಲ ದಿಂಬಿನ ಮೇಲೆ! "ದುಡ್ಡು ನೀರಲ್ಲಿ ಹೋಮ ಆಯ್ತು" ಅಂದಳು ಹೆಂಡತಿ. ಹಾಗೆ ಉದುರುವುದು ಸಹಜ, ಬೇರು ಒಳಗೇ ಇರುತ್ತೆ ಅಂತ ಮೊದಲೇ ಹೇಳಬೇಕಿತ್ತು ಅಲ್ವಾ? ಕ್ಲಿನಿಕ್‌ನವರು ನಾನು ಫೋನ್ ಮಾಡಿದ ಮೇಲೆ ಹೇಳಿದರು. ನಾಲ್ಕನೇ ತಿಂಗಳಿಗೆ ಚಿಗುರು ಬಂತು. ಈಗ ಹತ್ತನೇ ತಿಂಗಳು, ಜೇಬಿಗೆ ಬಾಚಣಿಗೆ ವಾಪಸ್ ಬಂದಿದೆ. ಹಳೇ ಕೂದಲು ಉಳಿಸಿಕೊಳ್ಳೋಕೆ ಮಿನಾಕ್ಸಿಡಿಲ್ ಹಚ್ಚುತ್ತಲೇ ಇದ್ದೀನಿ. ಆ ಖರ್ಚನ್ನೂ ಲೆಕ್ಕ ಹಾಕಿಕೊಳ್ಳಿ.